ಘಟ್ಟದ ಚಾರಣಕ್ಕೆ ಯಾವ ಆ್ಯಪ್? ಕುಮಾರಪರ್ವತದ ದಾರಿಯನ್ನೇ ಒರೆಗಲ್ಲಾಗಿಟ್ಟು ನೋಡಿದಾಗ

ಪಶ್ಚಿಮಘಟ್ಟದಲ್ಲಿ ಚಾರಣ ಹೋಗುವವರಿಗೆ ತೀರ್ಪನ್ನು ಮೊದಲೇ ಹೇಳಿಬಿಡೋಣ. ಫೋನಿನಲ್ಲಿ ಒಂದೇ ಆ್ಯಪ್ ಇಟ್ಟುಕೊಳ್ಳುವುದಾದರೆ ಅದು ಒಸ್ಮ್ಯಾಂಡ್ ಆಗಿರಲಿ. ಅದರ ಮೆನುಗಳ ಗೋಜಲು ಬೇಡ ಅನ್ನುವವರಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಸಾಕು. ಬೇರೆಯವರು ನಡೆದ ಜಾಡು ಹುಡುಕಲು ವಿಕಿಲಾಕ್. ಗೂಗಲ್ ಮ್ಯಾಪ್ಸ್ ಬೇಕಾಗುವುದು ಊರಿನಿಂದ ಬೆಟ್ಟದ ಬುಡದ ತನಕ ಮಾತ್ರ. ಆಲ್‌ಟ್ರೇಲ್ಸ್, ಗಯಾ ಜಿಪಿಎಸ್‌ಗಳಿಗೆ ವರ್ಷದ ಚಂದಾ ಕಟ್ಟಬೇಕಾದ ಅಗತ್ಯ ನಮ್ಮ ಕಾಡುಗಳಿಗೆ ಕಾಣುವುದಿಲ್ಲ.

ಈ ಕೊನೆಯ ಮಾತಿಗೆ ಕಾರಣವಿದೆ. ಆ್ಯಪ್ ಬೇರೆ, ನಕ್ಷೆ ಬೇರೆ. ಒಸ್ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್, ಕೊಮೂಟ್, ಮ್ಯಾಪಿ ಇವೆಲ್ಲ ಬಣ್ಣ ಬದಲಿಸಿ ತೋರಿಸುವುದು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಒಂದೇ ನಕ್ಷೆಯನ್ನು. 2004ರಲ್ಲಿ ಶುರುವಾದ, ಜನರೇ ಸೇರಿ ಬರೆಯುವ ನಕ್ಷೆ ಅದು. ನಮ್ಮ ಘಟ್ಟದ ಕಾಲುದಾರಿಗಳಿಗೆ ಗಯಾದಂಥ ದುಬಾರಿ ಆ್ಯಪ್ ಕೂಡ ಬಹುಪಾಲು ಅದನ್ನೇ ನೆಚ್ಚಿಕೊಂಡಿದೆ. ಅಲ್ಲಿ ಒಂದು ಕಾಲುದಾರಿ ತಪ್ಪಾಗಿ ಬರೆದಿದ್ದರೆ ಎಲ್ಲ ಆ್ಯಪ್‌ಗಳಲ್ಲೂ ಅದೇ ತಪ್ಪು. ಮೂರು ಆ್ಯಪ್ ತೆರೆದು, ಮೂರರಲ್ಲೂ ದಾರಿ ಒಂದೇ ಕಡೆ ಇದೆ ಎಂದು ನಂಬಿ ಹೊರಡುವುದು ಒಬ್ಬನೇ ಸಾಕ್ಷಿಯನ್ನು ಮೂರು ಸಲ ಕೇಳಿದ ಹಾಗೆ. ನಿಜವಾದ ಎರಡನೇ ಸಾಕ್ಷಿ ಬೇಕಾದರೆ ನಡೆದು ಬಂದವರ ಜಿಪಿಎಸ್ ಜಾಡು, ಉಪಗ್ರಹ ಚಿತ್ರ, ಇಲ್ಲವೇ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ನೋಡಬೇಕು. ಸರ್ವೆ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 500 ಮೀಟರ್. ಅದರ ರಸ್ತೆ, ಮನೆಗಳು ಹಳೆಯದಾಗಿರಬಹುದು, ಆದರೆ ಬೆಟ್ಟದ ಏಣು, ಹಳ್ಳ ಎಲ್ಲಿಗೂ ಹೋಗುವುದಿಲ್ಲ.

ಒರೆಗಲ್ಲಾಗಿ ಕುಮಾರಪರ್ವತವನ್ನೇ ಇಟ್ಟುಕೊಳ್ಳೋಣ. 1,712 ಮೀಟರ್ ಎತ್ತರ, ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಒಂದು ದಾರಿಗೆ ಸುಮಾರು 13 ಕಿ.ಮೀ. ಗಿರಿಗದ್ದೆಯ ಭಟ್ಟರ ಮನೆ ಹತ್ತಿರವಾಗುವ ತನಕ ಆಕಾಶ ಕಾಣದಂಥ ಕಾಡು, ಆಮೇಲೆ ಬಿಸಿಲಿಗೆ ತೆರೆದ ಹುಲ್ಲುಗಾವಲು, ಕಲ್ಲು ಮಂಟಪ, ಶೇಷಪರ್ವತ, ಅದರಾಚೆ ಶೋಲಾ ಕಾಡಿಗೆ ಇಳಿದು ಮತ್ತೆ ಬಂಡೆ ಹತ್ತಿದರೆ ತುದಿ. ಸೋಮವಾರಪೇಟೆ ಕಡೆಯ ಬೀದಳ್ಳಿ ದಾರಿಯೂ ಇದೇ ತುದಿಗೆ ಬಂದು ಸೇರುತ್ತದೆ. ಮಂಜು ಕವಿದಾಗ ತುದಿಯಲ್ಲಿ ಒಂದು ಸುತ್ತು ತಿರುಗಿದರೆ ಸಾಕು, ಯಾವ ಕಡೆಯಿಂದ ಹತ್ತಿದ್ದೆವು ಎಂಬುದೇ ಮರೆತುಹೋಗುತ್ತದೆ. ಒಂದು ಆ್ಯಪ್ ಎದುರಿಸಬೇಕಾದ ಕಷ್ಟಗಳೆಲ್ಲ ಈ ಒಂದೇ ದಾರಿಯಲ್ಲಿವೆ.

ಗೂಗಲ್ ಮ್ಯಾಪ್ಸ್ ಇಲ್ಲಿ ಸೋಲುವುದು ಎರಡು ಕಡೆ. ಆಫ್‌ಲೈನ್ ನಕ್ಷೆ ಇಳಿಸಿಕೊಂಡರೂ ಅದು ಕೊಡುವುದು ವಾಹನದ ದಾರಿ ಮಾತ್ರ, ನೆಟ್‌ವರ್ಕ್ ಇಲ್ಲದೆ ನಡಿಗೆಯ ದಾರಿ ಹೇಳುವುದಿಲ್ಲ. ಇಳಿಸಿಕೊಂಡ ನಕ್ಷೆಯಲ್ಲಿ ಕಾಡು ಬರೀ ಹಸಿರು ಹಾಸು. ಎಲ್ಲಿ ಕಡಿದಾಗಿದೆ, ಎಲ್ಲಿ ಹಳ್ಳವಿದೆ ಎಂಬ ಸುಳಿವೇ ಇಲ್ಲ. ಸುಬ್ರಹ್ಮಣ್ಯದಲ್ಲಿ ಬಸ್ಸಿಳಿದ ಮೇಲೆ ಅದನ್ನು ಮುಚ್ಚಿ.

ಆರ್ಗ್ಯಾನಿಕ್ ಮ್ಯಾಪ್ಸ್ ಪೂರ್ತಿ ಉಚಿತ. ಜಾಹೀರಾತಿಲ್ಲ, ಲಾಗಿನ್ ಇಲ್ಲ, ಹಳೆಯ ಫೋನಿನಲ್ಲೂ ಸಲೀಸಾಗಿ ಓಡುತ್ತದೆ. ಕರ್ನಾಟಕದ ನಕ್ಷೆ ಇಳಿಸಿ, ಲೇಯರ್ಸ್ ಬಟನ್ ಒತ್ತಿ, ಎತ್ತರ-ತಗ್ಗು ತೋರಿಸುವ ಕಾಂಟೂರ್ ಗೆರೆಗಳನ್ನು ಆನ್ ಮಾಡಿ. ಕಾಲುದಾರಿ ತುಂಡುಗೆರೆಯಾಗಿ ಕಾಣುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಜಿಪಿಎಕ್ಸ್ ಫೈಲನ್ನು (ನಡೆದ ಜಾಡನ್ನು ಉಳಿಸಿಟ್ಟ ಫೈಲ್) ಇದರಲ್ಲೇ ತೆರೆದರೆ ಜಾಡು ನಕ್ಷೆಯ ಮೇಲೆ ಬಣ್ಣದ ಗೆರೆಯಾಗಿ ಕೂರುತ್ತದೆ. ನೀವು ನಡೆದ ದಾರಿಯನ್ನೂ ರೆಕಾರ್ಡ್ ಮಾಡಬಹುದು. ಕೊರತೆ ಒಂದೇ, ಆದರೆ ದೊಡ್ಡದು: ಹಾಕಿಕೊಂಡ ಜಾಡಿನ ಮೇಲೆ ಅದು ನಿಮ್ಮನ್ನು ನಡೆಸುವುದಿಲ್ಲ. ಗೆರೆ ಬಿಟ್ಟು ನೂರು ಮೀಟರ್ ಆಚೆ ಹೋದರೂ ಫೋನ್ ಸುಮ್ಮನಿರುತ್ತದೆ. ಆಗಾಗ ತೆಗೆದು ನೋಡುವ ಅಭ್ಯಾಸ ನಿಮ್ಮದೇ ಆಗಿರಬೇಕು. ಕಾಲುದಾರಿ ಸ್ಪಷ್ಟವಾಗಿರುವ ಮುಳ್ಳಯ್ಯನಗಿರಿ, ತಡಿಯಂಡಮೋಳ್‌ಗಳಿಗೆ ಇದು ಧಾರಾಳ ಸಾಕು.

ಒಸ್ಮ್ಯಾಂಡ್ ಗೆಲ್ಲುವುದು ಇದೇ ಜಾಗದಲ್ಲಿ. ಜಿಪಿಎಕ್ಸ್ ಜಾಡನ್ನು ಆರಿಸಿ ನ್ಯಾವಿಗೇಷನ್ ಒತ್ತಿದರೆ ಅದರ ಮೇಲೇ ನಡೆಸುತ್ತದೆ, ದಾರಿ ಬಿಟ್ಟರೆ ದನಿಯಲ್ಲಿ ಎಚ್ಚರಿಸುತ್ತದೆ. ಕಾಂಟೂರ್ ಗೆರೆ, ಬೆಟ್ಟದ ನೆರಳು ಎರಡನ್ನೂ ಬೇರೆ ಫೈಲುಗಳಾಗಿ ಇಳಿಸಿಕೊಳ್ಳಬಹುದು. ನಕ್ಷೆಯ ಭಾಷೆ ಕನ್ನಡ ಎಂದು ಆರಿಸಿದರೆ, ಕನ್ನಡ ಹೆಸರು ಬರೆದಿರುವ ಊರು, ಹೊಳೆಗಳು ಕನ್ನಡದಲ್ಲೇ ಕಾಣುತ್ತವೆ. ಪ್ಲೇಸ್ಟೋರಿನ ಉಚಿತ ಆವೃತ್ತಿಯಲ್ಲಿ ಏಳು ಡೌನ್‌ಲೋಡ್‌ಗಳ ಮಿತಿಯಿದೆ. ಎಫ್-ಡ್ರಾಯ್ಡ್ ಎಂಬ ಇನ್ನೊಂದು ಆ್ಯಪ್ ಭಂಡಾರದಲ್ಲಿ ಸಿಗುವ ಆವೃತ್ತಿಗೆ ಆ ಮಿತಿಯಿಲ್ಲ. ಆ್ಯಪ್ ಭಾರಿ, ಹಳೆಯ ಫೋನಿನಲ್ಲಿ ನಕ್ಷೆ ಮೂಡಲು ತಡವಾಗುತ್ತದೆ. ಮೊದಲ ಸಲ ತೆರೆದವರಿಗೆ ಸೆಟ್ಟಿಂಗ್‌ಗಳ ಕಾಡಿನಲ್ಲೇ ದಾರಿ ತಪ್ಪುತ್ತದೆ. ಒಂದು ಸಂಜೆ ಮನೆಯಲ್ಲಿ ಕೂತು ಕಲಿತರೆ ಮುಂದೆ ತೊಂದರೆಯಿಲ್ಲ.

ಆ ಸಂಜೆ ಮಾಡಬೇಕಾದ ಕೆಲಸಗಳಿವು. ಪ್ರೊಫೈಲ್ ನಡಿಗೆಗೆ ಬದಲಿಸಿ. ದಾರಿ ತಪ್ಪಿದಾಗ ಹೊಸ ದಾರಿ ಲೆಕ್ಕ ಹಾಕುವ ಆಯ್ಕೆಯನ್ನು ಆಫ್ ಮಾಡಿ. ಇದನ್ನು ಮರೆತರೆ, ನೀವು ಜಾಡು ಬಿಟ್ಟ ಕೂಡಲೇ ಆ್ಯಪ್ ಯಾವುದೋ ಎಸ್ಟೇಟ್ ರಸ್ತೆಯನ್ನೋ ದನದ ಜಾಡನ್ನೋ ಹಿಡಿದು ಹೊಸ ಗೆರೆ ಎಳೆಯುತ್ತದೆ, ನೀವು ಸರಿಯಾದ ದಾರಿಯಲ್ಲೇ ಇದ್ದೀರಿ ಎಂಬ ಭ್ರಮೆ ಹುಟ್ಟಿಸುತ್ತದೆ. ದಾರಿ ಬಿಟ್ಟಾಗ ಹೇಳುವ ದನಿಯನ್ನು ಮಾತ್ರ ಆನ್ ಇಡಿ. ಟ್ರಿಪ್ ರೆಕಾರ್ಡಿಂಗ್‌ನಲ್ಲಿ ಅವಧಿ 5 ಸೆಕೆಂಡ್, ಕನಿಷ್ಠ ಚಲನೆ 5 ಮೀಟರ್ ಇಟ್ಟರೆ ಕೂತಲ್ಲೇ ಗೆರೆ ಜೇಡರ ಬಲೆಯಾಗುವುದು ತಪ್ಪುತ್ತದೆ. ಕನಿಷ್ಠ ನಿಖರತೆಯನ್ನು 10 ಮೀಟರಿನಷ್ಟು ಬಿಗಿ ಮಾಡಬೇಡಿ. ಮರದಡಿ ಅಷ್ಟು ನಿಖರತೆ ಸಿಗದೆ ಭಟ್ಟರ ಮನೆ ತನಕದ ದಾರಿಯಲ್ಲಿ ತುಂಡು ತುಂಡಾಗಿ ರೆಕಾರ್ಡ್ ಆಗುತ್ತದೆ. 50 ಮೀಟರ್ ಇರಲಿ.

ಕೊನೆಗೆ ಏರೋಪ್ಲೇನ್ ಮೋಡ್ ಹಾಕಿ, ನೀವು ಹೋಗುವ ಜಾಗಕ್ಕೆ ನಕ್ಷೆ ಸರಿಸಿ, ಹಿಗ್ಗಿಸಿ ನೋಡಿ. ಕಾಲುದಾರಿ, ಹಳ್ಳ, ಕಾಂಟೂರ್ ಮೂರೂ ಕಂಡರೆ ಸರಿ. ಖಾಲಿ ಕಂಡರೆ ಯಾವುದೋ ಫೈಲ್ ಇಳಿದಿಲ್ಲ. ಬ್ರಹ್ಮಗಿರಿಯಂಥ ಗಡಿಯ ಬೆಟ್ಟಕ್ಕೆ ಹೋಗುವವರು ಕೇರಳದ ನಕ್ಷೆಯನ್ನೂ ಇಳಿಸಿಕೊಳ್ಳಬೇಕು, ಇಲ್ಲವಾದರೆ ಏಣಿನ ಆಚೆ ಬದಿ ಬಿಳಿಯಾಗಿರುತ್ತದೆ.

ಕಾಂಟೂರ್ ಅಂದರೆ ಶಾಲೆಯ ಭೂಗೋಳದಲ್ಲಿ ಓದಿದ ಸಮೋನ್ನತ ರೇಖೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದು. ಗೆರೆಯ ಮೂತಿ ಎತ್ತರದ ಕಡೆಗೆ ಚೂಪಾಗಿದ್ದರೆ ಹಳ್ಳ, ತಗ್ಗಿನ ಕಡೆಗೆ ಚೂಪಾಗಿದ್ದರೆ ಏಣು. ಇಷ್ಟು ತಿಳಿದರೆ, ಕಾಲುದಾರಿ ಮಾಯವಾದಲ್ಲೂ ಹಳ್ಳಕ್ಕೆ ಇಳಿಯದೆ ಏಣಿನ ಮೇಲೇ ಉಳಿಯಬಹುದು. ಹಳ್ಳ ಹಿಡಿದರೆ ಊರು ಸಿಗುತ್ತದೆ ಎಂಬ ಮಾತು ಘಟ್ಟದಲ್ಲಿ ನಡೆಯುವುದಿಲ್ಲ, ಸಿಗುವುದು ಜಾರುಬಂಡೆ ಮತ್ತು ಜಲಪಾತ. ಈ ಗೆರೆಗಳಿಗೂ ಒಂದು ಮಿತಿಯಿದೆ. ಅವುಗಳಲ್ಲಿ ಬಹುಪಾಲು ಬಂದದ್ದು 2000ದ ಫೆಬ್ರವರಿಯಲ್ಲಿ ನಾಸಾದ ಬಾಹ್ಯಾಕಾಶ ನೌಕೆ ರೇಡಾರಿನಿಂದ ಅಳೆದ ಲೆಕ್ಕದಿಂದ. ದಟ್ಟ ಕಾಡಿದ್ದಲ್ಲಿ ರೇಡಾರಿಗೆ ಸಿಕ್ಕಿದ್ದು ನೆಲವಲ್ಲ, ಮರಗಳ ಮೇಲ್ಭಾಗ. ಜೊತೆಗೆ ಅದರ ಚೌಕಗಳು ಸುಮಾರು 30 ಮೀಟರ್ ಅಗಲ. ಹತ್ತು ಮೀಟರಿನ ಬಂಡೆ ಕಡಿದು ಆ ಗೆರೆಗಳಲ್ಲಿ ಕಾಣುವುದೇ ಇಲ್ಲ.

ಎತ್ತರದ ಅಂಕಿಯ ವಿಷಯ ಅನೇಕರನ್ನು ಗಲಿಬಿಲಿಗೊಳಿಸುತ್ತದೆ. ಕುಮಾರಪರ್ವತದ ತುದಿಯಲ್ಲಿ ನಿಂತು ನೋಡಿದರೆ ಕೆಲವು ಆಂಡ್ರಾಯ್ಡ್ ಆ್ಯಪ್‌ಗಳು 1,620–1,630 ಮೀಟರ್ ಅನ್ನುತ್ತವೆ. ಫೋನ್ ಕೆಟ್ಟಿಲ್ಲ. ಜಿಪಿಎಸ್ ಅಳೆಯುವುದು ಭೂಮಿಯನ್ನು ನಯವಾದ ದೀರ್ಘಗೋಲವೆಂದು ಭಾವಿಸಿದ ಲೆಕ್ಕದಿಂದ, ಸಮುದ್ರಮಟ್ಟದಿಂದಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದ ಮಟ್ಟ ಆ ಲೆಕ್ಕಕ್ಕಿಂತ ನೂರಕ್ಕೂ ಹೆಚ್ಚು ಮೀಟರ್ ಕೆಳಗಿದೆ. ಅದರ ಪ್ರಭಾವ ನಮ್ಮ ತನಕ ಹಬ್ಬಿ, ದಕ್ಷಿಣ ಕರ್ನಾಟಕದಲ್ಲಿ ವ್ಯತ್ಯಾಸ 80 ಮೀಟರಿಗಿಂತ ಹೆಚ್ಚಾಗುತ್ತದೆ. ತಿದ್ದಿ ತೋರಿಸದ ಆ್ಯಪ್ ಅಷ್ಟು ಕಡಿಮೆ ಹೇಳುತ್ತದೆ. ಎತ್ತರ ಗೊತ್ತಿರುವ ಒಂದು ಜಾಗದಲ್ಲಿ, ಉದಾಹರಣೆಗೆ ಸಮುದ್ರಮಟ್ಟದ ಎತ್ತರ ಬರೆದಿರುವ ರೈಲ್ವೆ ಸ್ಟೇಷನ್ ಫಲಕದ ಬಳಿ, ಮೊದಲೇ ಹೋಲಿಸಿ ನೋಡಿದರೆ ನಿಮ್ಮ ಆ್ಯಪ್ ಯಾವ ಗುಂಪಿನದು ಎಂದು ತಿಳಿಯುತ್ತದೆ.

ವಿಕಿಲಾಕ್‌ನ ಬೆಲೆ ಅದರ ಭಂಡಾರದಲ್ಲಿದೆ. 2006ರಿಂದ ಜನ ನಡೆದ ಜಾಡುಗಳು ಅಲ್ಲಿ ಸೇರುತ್ತಿವೆ, ಘಟ್ಟದ ಹೆಸರಾಂತ ಬೆಟ್ಟಗಳಿಗೆಲ್ಲ ಒಂದಕ್ಕಿಂತ ಹೆಚ್ಚು ಸಿಗುತ್ತವೆ. ಫೋನಿನಲ್ಲಿ ಜಾಡು ಹಿಡಿದು ನಡೆಸುವ ಸೌಲಭ್ಯ ದುಡ್ಡು ಕೊಟ್ಟವರಿಗೆ ಮಾತ್ರ. ಆದ್ದರಿಂದ ಜಾಡನ್ನು ಇಲ್ಲಿ ಆರಿಸಿ, ನಡೆಯುವುದನ್ನು ಒಸ್ಮ್ಯಾಂಡ್‌ನಲ್ಲಿ ಮಾಡಿ. ಆರಿಸುವಾಗ ಗೆರೆಯನ್ನು ಹಿಗ್ಗಿಸಿ ನೋಡಿ. ಕಾಡಿನ ನಡುವೆ ಸ್ಕೇಲಿಟ್ಟು ಎಳೆದಂಥ ನೇರ ಗೆರೆ ಇದ್ದರೆ ಅಲ್ಲಿ ಸಿಗ್ನಲ್ ಹೋಗಿ, ಮುಂದೆಲ್ಲೋ ಮತ್ತೆ ಸಿಕ್ಕಿದೆ. ಆ ಭಾಗ ನಂಬಬಾರದು. ಒಂದೇ ಕಡೆ ಗೆರೆ ಕವಲೊಡೆದು ಹಿಂದಿರುಗಿದ್ದರೆ ಅವರು ಅಲ್ಲಿ ದಾರಿ ತಪ್ಪಿ ವಾಪಸ್ ಬಂದಿದ್ದಾರೆ, ಅದು ನಿಮಗೂ ತಪ್ಪುವ ಜಾಗ, ಗುರುತು ಹಾಕಿಕೊಳ್ಳಿ. ಬೇರೆ ಬೇರೆ ಜನರ ಎರಡು ಜಾಡುಗಳನ್ನು ಒಂದರ ಮೇಲೊಂದು ಹಾಕಿ, ಎರಡೂ ಕೂಡಿ ಹೋಗುವಲ್ಲಿ ನಿಶ್ಚಿಂತೆಯಿಂದಿರಿ. ಜಾಡು ಮಳೆಗಾಲಕ್ಕೆ ಮೊದಲಿನದೋ ನಂತರದ್ದೋ ಎಂದು ತಾರೀಕು ನೋಡಿ. ಹುಲ್ಲು ಆಳೆತ್ತರ ಬೆಳೆದ ಮೇಲೆ ಹುಲ್ಲುಗಾವಲಿನ ಕಾಲುದಾರಿ ಕಣ್ಣಿಗೆ ಸಿಗುವುದಿಲ್ಲ.

ಇನ್ನೊಂದು ಮಾತು: ವಿಕಿಲಾಕ್‌ನಲ್ಲಿ ಜಾಡು ಇದೆ ಎಂದರೆ ಅಲ್ಲಿಗೆ ಅನುಮತಿ ಇದೆ ಎಂದಲ್ಲ. ಕುಮಾರಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿಧಾಮದೊಳಗೆ. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇಲ್ಲದೆ ಚೆಕ್‌ಪೋಸ್ಟ್ ದಾಟಲಾಗದು.

ಜಿಪಿಎಸ್‌ಗೆ ಮೊಬೈಲ್ ನೆಟ್‌ವರ್ಕ್ ಬೇಡ, ಏರೋಪ್ಲೇನ್ ಮೋಡ್‌ನಲ್ಲೂ ಕೆಲಸ ಮಾಡುತ್ತದೆ. ಆದರೆ ಶುರುವಿಗೆ ನೆಟ್‌ವರ್ಕ್ ಇದ್ದರೆ ಬೇಗ ಹಿಡಿಯುತ್ತದೆ. ಪ್ರತಿ ಉಪಗ್ರಹ ತನ್ನ ಸ್ಥಾನದ ವಿವರ ಕಳಿಸಲು 30 ಸೆಕೆಂಡ್ ತೆಗೆದುಕೊಳ್ಳುತ್ತದೆ. ಮರದಡಿ ಆ ಸಂದೇಶ ನಡುವೆ ಕಡಿದುಹೋದರೆ ಮತ್ತೆ ಕಾಯಬೇಕು. ಹಾಗಾಗಿ ಕಾಡು ಹೊಗುವ ಮೊದಲೇ, ಸುಬ್ರಹ್ಮಣ್ಯದ ಬಯಲಿನಲ್ಲಿ ಡೇಟಾ ಆನ್ ಇಟ್ಟು ಎರಡು ಮೂರು ನಿಮಿಷ ನಿಂತು, ಸ್ಥಾನ ಗಟ್ಟಿಯಾದ ಮೇಲೆ ರೆಕಾರ್ಡಿಂಗ್ ಶುರು ಮಾಡಿ ಏರೋಪ್ಲೇನ್ ಮೋಡ್ ಹಾಕಿ. ನೆಟ್‌ವರ್ಕ್ ಹುಡುಕಿ ಹುಡುಕಿಯೇ ಫೋನ್ ಅರ್ಧ ಬ್ಯಾಟರಿ ತಿನ್ನುವುದು ಇದರಿಂದ ತಪ್ಪುತ್ತದೆ. ಉಳಿದರ್ಧ ತಿನ್ನುವುದು ಪರದೆಯ ಬೆಳಕು.

ರೆಕಾರ್ಡಿಂಗ್ ನಡುವೆ ನಿಂತುಹೋಯಿತು ಎಂಬ ದೂರಿಗೆ ಬಹಳ ಸಲ ಕಾರಣ ಆ್ಯಪ್ ಅಲ್ಲ, ಫೋನಿನ ಬ್ಯಾಟರಿ ಉಳಿತಾಯ. ಪರದೆ ಆರಿದ ಸ್ವಲ್ಪ ಹೊತ್ತಿಗೆ ಹಿನ್ನೆಲೆಯ ಆ್ಯಪ್‌ಗಳನ್ನು ಅನೇಕ ಫೋನ್‌ಗಳು ಮುಚ್ಚಿಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ನ ಬ್ಯಾಟರಿ ಆಯ್ಕೆಯನ್ನು ಅನ್‌ರಿಸ್ಟ್ರಿಕ್ಟೆಡ್ ಮಾಡಿ, ಬ್ಯಾಟರಿ ಸೇವರ್ ಆಫ್ ಮಾಡಿ, ಊರಲ್ಲೇ ಅರ್ಧ ಗಂಟೆ ಪರದೆ ಆರಿಸಿ ನಡೆದು ಪರೀಕ್ಷಿಸಿ. ಫ್ಲಿಪ್ ಕವರಿನಲ್ಲಿ ಮ್ಯಾಗ್ನೆಟ್ ಇದ್ದರೆ ತೆಗೆದಿಡಿ, ದಿಕ್ಸೂಚಿಯ ಬಾಣ ಅದರಿಂದಲೇ ದಿಕ್ಕು ತಪ್ಪುತ್ತದೆ. ಮಳೆಯಲ್ಲಿ ಒದ್ದೆ ಪರದೆ ಬೆರಳಿಗೆ ಓಗೊಡುವುದಿಲ್ಲ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಫೋನ್ ಇಟ್ಟರೆ ಚೀಲದ ಮೇಲಿಂದಲೇ ಒತ್ತಬಹುದು.

ತುದಿ ತಲುಪಿದ ಕೂಡಲೇ, ಫೋಟೋಗೆ ಮೊದಲು, ಹತ್ತಿ ಬಂದ ಜಾಗದಲ್ಲಿ ಒಂದು ಗುರುತು ಹಾಕಿ 'ಕುಕ್ಕೆ ಕಡೆ' ಎಂದು ಹೆಸರಿಡಿ. ಕಲ್ಲು ಮಂಟಪದಲ್ಲಿ, ಶೋಲಾ ಕಾಡು ಹೊಗುವ ಬಾಯಲ್ಲಿ ಕೂಡ ಹೀಗೇ ಮಾಡಿ. ಮಂಜಿನಲ್ಲಿ ಮರಳುವಾಗ ನಕ್ಷೆಯ ಗೆರೆಗಿಂತ ಈ ಗುರುತುಗಳು ಬೇಗ ಕೈಗೆ ಬರುತ್ತವೆ.

ವಿದೇಶದಲ್ಲಿರುವ ಕನ್ನಡಿಗರಿಗೆ ಲೆಕ್ಕ ಬೇರೆ. ಅಮೆರಿಕದಲ್ಲಿ 1:24,000ದ ಸರ್ಕಾರಿ ನಕ್ಷೆಗಳನ್ನು ಒಳಗೊಂಡ ಗಯಾ ಜಿಪಿಎಸ್ ಚಂದಾಕ್ಕೆ ಅರ್ಥವಿದೆ. ಸ್ವಿಟ್ಜರ್ಲೆಂಡಿನಲ್ಲಿ ಅಲ್ಲಿನ ಸರ್ಕಾರದ್ದೇ ಸ್ವಿಸ್‌ಟೋಪೊ ಉಚಿತ. ಅಲ್ಲಿ ಬಳಸುವ ಗಾರ್ಮಿನ್ ಇನ್‌ರೀಚ್‌ನಂಥ ಉಪಗ್ರಹ ಸಂದೇಶ ಸಾಧನವನ್ನು ಊರಿಗೆ ಬರುವಾಗ ತರಬೇಡಿ. ಭಾರತದಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ.

ಸಹಾಯಕ್ಕೆ 112ಕ್ಕೆ ಕರೆ ಮಾಡುವ ಸಂದರ್ಭ ಬಂದರೆ ಸ್ಥಾನದ ಅಂಕಿಗಳನ್ನು ಹೇಳುವ ರೀತಿ ಮುಖ್ಯ. 12.6625 ಡಿಗ್ರಿ ಎಂಬುದೂ 12 ಡಿಗ್ರಿ 39 ನಿಮಿಷ 45 ಸೆಕೆಂಡ್ ಎಂಬುದೂ ಒಂದೇ ಜಾಗ. ಎರಡನೆಯದನ್ನು ಆ ಕಡೆಯವರು 12.3945 ಎಂದು ಬರೆದುಕೊಂಡರೆ ಹುಡುಕುವವರು ಸುಮಾರು 30 ಕಿ.ಮೀ. ದಕ್ಷಿಣಕ್ಕೆ ಹೋಗುತ್ತಾರೆ. ಆ್ಯಪ್‌ನಲ್ಲಿ ದಶಮಾಂಶ ರೂಪವನ್ನೇ ಆರಿಸಿಟ್ಟು, 'ಹನ್ನೆರಡು ಪಾಯಿಂಟ್ ಆರು ಆರು ಎರಡು ಐದು' ಎಂದು ಒಂದೊಂದೇ ಅಂಕಿ ಹೇಳಿ, ಅವರಿಂದ ಮತ್ತೆ ಓದಿಸಿ ಕೇಳಿ. ಜೊತೆಗೆ ಹತ್ತಿರದ ಹೆಸರನ್ನೂ ಸೇರಿಸಿ: ಕಲ್ಲು ಮಂಟಪದಿಂದ ಮೇಲೆ, ಶೇಷಪರ್ವತಕ್ಕಿಂತ ಕೆಳಗೆ.