ಬಟವಾಡೆಯನ್ನು ಮನರಂಜನೆ ಅಂದ ಆ್ಯಪ್, ಮತ್ತು ನನ್ನ ಆರ್‌ಡಿ ಪಾಸ್‌ಬುಕ್ಕು

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಉಳಿಸಲು, ಲೆಕ್ಕ ಇಡಲು ನಾನು ಬಳಸಿದ ಮೂರರಲ್ಲಿ ನನ್ನ ಮಟ್ಟಿಗೆ ಗೆದ್ದದ್ದು ಪೋಸ್ಟಾಫೀಸಿನ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಂತು ಕಟ್ಟುವ ಉಳಿತಾಯ ಖಾತೆ. ಉಳಿದೆರಡು ಆ್ಯಪ್‌ಗಳನ್ನು ಫೋನಿನಿಂದ ಕಿತ್ತು ಹಾಕಿ ತಿಂಗಳುಗಳೇ ಆದವು. ಈಗ ಬರೆಯಲು ಕಾರಣ ಚಿಕ್ಕಪ್ಪನ ಮಗ. ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ. ಅವನ ವಯಸ್ಸಿನವರಿಗೆ ದುಡ್ಡಿನ ಲೆಕ್ಕ, ಉಳಿತಾಯ ಕಲಿಸುವ ಆ್ಯಪ್ ಮಾಡುವುದು ಅವನ ಪ್ರಾಜೆಕ್ಟು. "ಅಕ್ಕ, ನೀನು ಮೂರೂ ಬಳಸಿದ್ದೀಯಲ್ಲ, ಯಾವುದು ಪರವಾಗಿಲ್ಲ ಹೇಳು" ಅಂದ. ಹೇಳತೊಡಗಿದರೆ ಉದ್ದವಾಯಿತು.

ನನ್ನ ಸ್ಥಿತಿ ಇಷ್ಟು: ಮಡಿಕೇರಿಯ ಒಂದು ಹೋಂಸ್ಟೇಯಲ್ಲಿ ಬುಕಿಂಗ್ ನೋಡಿಕೊಳ್ಳುತ್ತೇನೆ, ಸಂಬಳ 16,000. ನಾಪೋಕ್ಲು ಕಡೆ ಅಪ್ಪನದು ಮೂರು ಎಕರೆ ರೋಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು. ಅಪ್ಪನ ಕೈಯಲ್ಲಿರುವುದು ಬಟನ್ ಫೋನು. ಹಾಗಾಗಿ ತೋಟದ ದುಡ್ಡು ಬರುವುದು ಹೋಗುವುದು ಎಲ್ಲ ನನ್ನ ಖಾತೆಯಿಂದಲೇ.

ಮೊದಲು ಹಾಕಿಕೊಂಡದ್ದು ದಿನಕ್ಕೆ ಹತ್ತು ರೂಪಾಯಿ ಕತ್ತರಿಸಿ ಡಿಜಿಟಲ್ ಚಿನ್ನ ಕೊಳ್ಳುವ ಆ್ಯಪ್. ಹತ್ತು ರೂಪಾಯಿ ಹೋದದ್ದು ಗೊತ್ತೇ ಆಗುವುದಿಲ್ಲ, ಅದು ಒಳ್ಳೆಯದೇ. ಆದರೆ ಕೊಳ್ಳುವಾಗ 3% ಜಿಎಸ್‌ಟಿ. ವರ್ಷಕ್ಕೆ 3,650 ಹಾಕಿದರೆ ಅದರಲ್ಲಿ ನೂರಾ ಆರು ರೂಪಾಯಿ ತೆರಿಗೆಗೇ ಹೋಯಿತು, ಮಾರಿದರೂ ವಾಪಸ್ ಬರುವುದಿಲ್ಲ. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಇರುವ ಅಂತರ ಬೇರೆ. ಡಿಜಿಟಲ್ ಚಿನ್ನ ತನ್ನ ನಿಯಂತ್ರಣಕ್ಕೆ ಬರುವುದಿಲ್ಲ ಎಂದು 2025ರ ನವೆಂಬರಿನಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯೇ ಎಚ್ಚರಿಸಿತು. ಮಾರಿಬಿಟ್ಟೆ. ಚಿನ್ನದ ಬೆಲೆ ಏರಿದ್ದರಿಂದ ನಷ್ಟವಾಗಲಿಲ್ಲ, ಅದರಲ್ಲಿ ನನ್ನ ಜಾಣತನ ಏನೂ ಇಲ್ಲ.

ಎರಡನೆಯದು ಬ್ಯಾಂಕಿನ ಎಸ್ಸೆಮ್ಮೆಸ್ ಓದಿ ಖರ್ಚಿನ ಲೆಕ್ಕ ತಾನೇ ಬರೆದುಕೊಳ್ಳುವ ಆ್ಯಪ್. ಹೆಸರು ಬೇಡ. ಅದರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಜನವರಿ, ಕಾಫಿ ಕುಯ್ಲಿನ ಕಾಲ. ಶನಿವಾರ ಸಂಜೆ ಕಣದಲ್ಲಿ ಕೂಲಿಯ ಬಟವಾಡೆ. ಯಾರು ಎಷ್ಟು ಕೆ.ಜಿ. ಹಣ್ಣು ಕುಯ್ದರು ಎಂದು ಅಪ್ಪ ಚೀಟಿ ನೋಡಿ ಓದುತ್ತಾರೆ, ನಾನು ಒಬ್ಬೊಬ್ಬರಿಗೂ ಯುಪಿಐ ಮಾಡುತ್ತೇನೆ. ಆ ದಿನ ಒಂಬತ್ತು ಜನ, 18,600 ರೂಪಾಯಿ. ಎಲ್ಲ ಮುಗಿದು ಅವ್ವ ಕಾಫಿ ಕೊಡುವಷ್ಟರಲ್ಲಿ ಫೋನು ಟಣ್ ಅಂತು. 'ಈ ವಾರ ನೀವು ಸ್ನೇಹಿತರು ಮತ್ತು ಮನರಂಜನೆಗೆ 18,600 ಖರ್ಚು ಮಾಡಿದ್ದೀರಿ. ಸ್ವಲ್ಪ ಹಿಡಿತವಿರಲಿ!' ಪಕ್ಕದಲ್ಲಿ ಅಳುಮುಖದ ಹುಂಡಿ. ಬೆಳಿಗ್ಗೆಯಿಂದ ಮೂಟೆ ಹೊತ್ತ ಕೈಯಲ್ಲಿ ಅದನ್ನು ಓದಬೇಕಿತ್ತು.

ಸರಿಪಡಿಸಲು ಕೂತೆ. ಒಂದೊಂದು ಪಾವತಿಯನ್ನೂ ತೆರೆದು, ವರ್ಗ ಬದಲಿಸಿ, ಉಳಿಸಬೇಕು. ಬಾಡಿಗೆ, ದಿನಸಿ, ಸಿನಿಮಾ, ಜಿಮ್ ಎಲ್ಲ ಇದೆ, 'ತೋಟ' ಇಲ್ಲ. ನಾನೇ ಸೇರಿಸಿದೆ. ಆದರೂ ತಿಂಗಳ ಒಟ್ಟು ಖರ್ಚಿನಲ್ಲಿ ಅದು ನನ್ನದಾಗಿಯೇ ಉಳಿಯಿತು. 'ಲೆಕ್ಕಕ್ಕೆ ಹಿಡಿಯಬೇಡ' ಎನ್ನುವ ಬಟನ್ ಬೇಕಾದರೆ ದುಡ್ಡು ಕೊಟ್ಟು ಪ್ರೀಮಿಯಂ ತಗೋಬೇಕು. ಮುಂದಿನ ಶನಿವಾರ ಕುಯ್ಲಿಗೆ ಹೊಸಬರು ಬಂದರು, ಹೊಸ ಹೆಸರು, ಮತ್ತೆ ಮನರಂಜನೆ.

ಇದಕ್ಕಿಂತ ಕೆಟ್ಟದ್ದು ಒಣಗಿದ ಕಾಫಿ ಹಣ್ಣಿನ, ಅಂದರೆ ಚೆರಿಯ, ಮೊದಲ ಲೋಡು ಮಾರಿದ ದಿನ. ವ್ಯಾಪಾರಿ 1,90,000 ಹಾಕಿದರು. ಆ್ಯಪ್ ಪಟಾಕಿ ಹಾರಿಸಿ 'ನಿಮ್ಮ ಆದಾಯ ಹನ್ನೆರಡು ಪಟ್ಟು ಏರಿದೆ' ಎಂದು ಅಭಿನಂದಿಸಿತು. ಅದರಲ್ಲಿ ಗೊಬ್ಬರದ ಅಂಗಡಿಯ ಬಾಕಿ ಇತ್ತು, ಕಾಫಿ ಹೂ ಅರಳಿಸುವ ಹೂ ಮಳೆ ತಪ್ಪಿದರೆ ಸ್ಪ್ರಿಂಕ್ಲರಿಗೆ ಬೇಕಾಗುವ ಡೀಸೆಲ್ ಇತ್ತು, ಅಪ್ಪನ ಬೆಳೆಸಾಲ ಇತ್ತು. ನನ್ನದು ಅಂತ ಒಂದು ಪೈಸೆ ಇರಲಿಲ್ಲ. ಎರಡೇ ದಿನಕ್ಕೆ ಸಾಲದ ಜಾಹೀರಾತು ಶುರುವಾಯಿತು, 'ನೀವು ಅರ್ಹರು' ಅಂತ. ದುಂದುಗಾರ್ತಿ ಅಂದದ್ದೂ ಅದೇ, ಸಾಲ ತಗೋ ಅಂದದ್ದೂ ಅದೇ.

ಅದರಲ್ಲಿ ಕನ್ನಡದ ಪಾಠಗಳೂ ಇದ್ದವು. ಬ್ಯಾಲೆನ್ಸಿಗೆ 'ಸಮತೋಲನ', ಬಡ್ಡಿಗೆ 'ಆಸಕ್ತಿ'. 'ಹೆಚ್ಚು ಆಸಕ್ತಿ ಇರುವ ಸಾಲ ಅಪಾಯಕಾರಿ' ಎಂಬ ಸಾಲನ್ನು ಹೋಂಸ್ಟೇಯಲ್ಲಿ ಎಲ್ಲರಿಗೂ ಓದಿ ಹೇಳಿದೆ.

ಇನ್ನು ಆರ್‌ಡಿ. ತಿಂಗಳಿಗೆ ಕನಿಷ್ಠ 100 ರೂಪಾಯಿ, ಐದು ವರ್ಷ. ನಾನು ತೆರೆದಾಗ ಬಡ್ಡಿ 6.7%, ಕಂತು 1,000. ಮುಗಿದಾಗ 71,000 ದಾಟುತ್ತದೆ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಆ್ಯಪಿನಲ್ಲಿ ಆರ್‌ಡಿ ನಂಬರು ಕೊಟ್ಟು ಕಂತು ಕಟ್ಟುತ್ತೇನೆ. ಹುಂಡಿ ಇಲ್ಲ, ಪಟಾಕಿ ಇಲ್ಲ. ಜುಲೈಯಲ್ಲಿ ಗಾಳಿಮಳೆಗೆ ನಾಲ್ಕು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಕಂತು ಕಟ್ಟಬೇಕಾದ ಹದಿನೈದನೇ ತಾರೀಕು ದಾಟಿಹೋಯಿತು. ನೂರಕ್ಕೆ ಒಂದು ರೂಪಾಯಿಯಂತೆ ಹತ್ತು ರೂಪಾಯಿ ದಂಡ ಕಟ್ಟಿದೆ, ಬುದ್ಧಿವಾದ ಕೇಳಬೇಕಾಗಲಿಲ್ಲ. ಹಾಗಂತ ನಾಲ್ಕಕ್ಕಿಂತ ಹೆಚ್ಚು ಕಂತು ತಪ್ಪಿಸಿದರೆ ಖಾತೆ ನಿಂತುಹೋಗುತ್ತದೆ.

ನನ್ನನ್ನು ಒಲಿಸಿಕೊಂಡದ್ದು ಮುಂಗಡದ ಸೌಲಭ್ಯ. ಹನ್ನೆರಡು ಕಂತು ಒಟ್ಟಿಗೆ ಕಟ್ಟಿದರೆ ತಿಂಗಳ ಕಂತಿನ ಪ್ರತಿ ನೂರು ರೂಪಾಯಿಗೆ ಒಟ್ಟು 40 ರೂಪಾಯಿ ರಿಯಾಯಿತಿ, ಆರು ಕಂತು ಒಟ್ಟಿಗೆ ಕಟ್ಟಿದರೆ 10. ಕುಯ್ಲು ಮುಗಿದ ಮೇಲೆ ಅಪ್ಪ ನನ್ನ ಪಾಲು ಅಂತ ಕೊಟ್ಟ ದುಡ್ಡಿನಲ್ಲಿ ಮಾರ್ಚಿನಲ್ಲಿ 11,600 ಕಟ್ಟಿದೆ, ವರ್ಷದ ಚಿಂತೆ ಮುಗಿಯಿತು. ದುಡ್ಡು ವರ್ಷಕ್ಕೊಮ್ಮೆ ಬರುವ ಮನೆಗಳೂ ಇವೆ ಎಂದು ಈ ನಿಯಮ ಬರೆದವರಿಗೆ ಗೊತ್ತಿದ್ದಂತಿದೆ.

ಮೂರು ವರ್ಷಕ್ಕೆ ಮುಂಚೆ ಮುರಿಯಲಾಗದು, ಆಮೇಲೆ ಮುರಿದರೂ ಉಳಿತಾಯ ಖಾತೆಯ ಬಡ್ಡಿಯೇ. ಕೈಗೆ ಸಿಕ್ಕಿದರೆ ಖರ್ಚು ಮಾಡುವ ನನ್ನಂಥವಳಿಗೆ ಇದೇ ಸರಿ. ಯಾವಾಗ ಬೇಕಾದರೂ ದುಡ್ಡು ಬೇಕಾಗುವವರು ಬೇರೆ ದಾರಿ ನೋಡಿಕೊಳ್ಳಬೇಕು.

ಹೋದ ಭಾನುವಾರ ತಮ್ಮ ತನ್ನ ಆ್ಯಪಿನ ಮೊದಲ ಪರದೆಯನ್ನು ಹಾಳೆಯ ಮೇಲೆ ಬರೆದು ತಂದಿದ್ದ. ಮೇಲೆ ಒಂದೇ ಪ್ರಶ್ನೆ: 'ನಿಮ್ಮ ತಿಂಗಳ ಸಂಬಳ ಎಷ್ಟು?' ಪೆನ್ನು ತಗೊಂಡು ಅದನ್ನು ಹೊಡೆದುಹಾಕಿ, 'ಖಾತೆಗೆ ದುಡ್ಡು ಯಾವ ತಿಂಗಳು ಬರುತ್ತೆ?' ಎಂದು ಬರೆದೆ. ಕೆಳಗೆ ಇನ್ನೊಂದು: 'ಅದರಲ್ಲಿ ನಿಮ್ಮದೆಷ್ಟು?'

"ಎರಡನೇದು ಕೇಳಿದ್ರೆ ಮನೇಲಿ ಜಗಳ ಆಗುತ್ತೆ ಅಕ್ಕ" ಅಂದ. ಆದರೂ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ.