ಸೂಕ್ಷ್ಮ ಚರ್ಮದ ಮಗುವಿಗೆ ಸನ್‌ಸ್ಕ್ರೀನ್: ಜಿಂಕ್ ಕ್ರೀಮ್, ಲೋಷನ್, ಸ್ಟಿಕ್, ಸ್ಪ್ರೇ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ

"ಮಿನರಲ್ ತಗೊಳ್ಳಿ, ಕೆಮಿಕಲ್ ಬೇಡ" ಎಂಬ ಒಂದು ಸಾಲಿನ ಸಲಹೆ ಎಲ್ಲೆಡೆ ಸಿಗುತ್ತದೆ. ಮಿನರಲ್ ಎಂದರೆ ಬಿಸಿಲು ತಡೆಯಲು ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಎಂಬ ಖನಿಜಗಳಿರುವುದು; ಕೆಮಿಕಲ್ ಎಂದರೆ ಅದಕ್ಕೆ ಬೇರೆ ರಾಸಾಯನಿಕಗಳಿರುವುದು. ಸಲಹೆ ತಪ್ಪಲ್ಲ, ಆದರೆ ಅದರಿಂದ ಅರ್ಧ ಕೆಲಸವೂ ಮುಗಿಯುವುದಿಲ್ಲ. ಜಿಂಕ್ ಆಕ್ಸೈಡ್ ಮಾತ್ರ ಇರುವ ಎರಡು ಬೇರೆ ಟ್ಯೂಬ್‌ಗಳನ್ನು ಒಂದೇ ಮಗುವಿನ ಎಡಗೈಗೊಂದು, ಬಲಗೈಗೊಂದು ಹಚ್ಚಿ ನೋಡಿ. ಒಂದು ಕೈ ಮರುದಿನ ಕೆಂಪಾಗಿ, ಇನ್ನೊಂದು ಏನೂ ಆಗದಂತೆ ಇರಬಹುದು. ಬಿಸಿಲು ತಡೆಯುವ ಪದಾರ್ಥ ಎರಡರಲ್ಲೂ ಒಂದೇ. ಬೇರೆಯಾಗಿರುವುದು ಅದನ್ನು ಕಲಸಿರುವ ಮೂಲ ಕ್ರೀಮ್: ಪರಿಮಳ, ಕೆಡದಂತೆ ಹಾಕುವ ಪ್ರಿಸರ್ವೇಟಿವ್, ಗಿಡಮೂಲಿಕೆಯ ಸಾರ. ಬಹಳಷ್ಟು ಸಲ ತಕರಾರು ಹುಟ್ಟುವುದು ಇಲ್ಲೇ. ಇನ್ನೊಂದಷ್ಟು ಸಲ ಕ್ರೀಮಿನಲ್ಲಿ ಏನೂ ದೋಷವಿರುವುದಿಲ್ಲ, ಸಂಜೆ ಅದನ್ನು ಉಜ್ಜಿ ತೆಗೆಯುವ ಕೈಯಲ್ಲಿರುತ್ತದೆ.

ಆರು ತಿಂಗಳೊಳಗಿನ ಕೂಸಿಗೆ ಈ ಹೋಲಿಕೆ ಬೇಡ. ಅವಕ್ಕೆ ನೆರಳು, ಮೈಮುಚ್ಚುವ ಬಟ್ಟೆ, ಟೋಪಿ ಸಾಕು. ನೆರಳು ಸಿಗದೇ ಹೋದಾಗ ಮಾತ್ರ ಕೆನ್ನೆ, ಮುಂಗೈಯಂಥ ಚಿಕ್ಕ ಜಾಗಕ್ಕೆ ಸ್ವಲ್ಪ ಮಿನರಲ್ ಕ್ರೀಮ್.

ದಪ್ಪ ಜಿಂಕ್ ಕ್ರೀಮ್

ಸುಮಾರು 20% ಜಿಂಕ್ ಆಕ್ಸೈಡ್ ಇರುವ, ಬೇರೆ ಫಿಲ್ಟರ್ (ಬಿಸಿಲು ತಡೆಯುವ ಪದಾರ್ಥ) ಇಲ್ಲದ ಕ್ರೀಮ್ ಇದು. ಚರ್ಮ ಸುಡುವ ಯುವಿಬಿಯನ್ನೂ ಆಳಕ್ಕಿಳಿಯುವ ಉದ್ದ ಅಲೆಯ ಯುವಿಎಯನ್ನೂ ಒಂದೇ ಪದಾರ್ಥ ತಡೆಯುವುದು ಇದರ ದೊಡ್ಡ ಗುಣ. ಜಿಂಕ್‌ಗೇ ಅಲರ್ಜಿ ಆಗುವುದು ತೀರಾ ಅಪರೂಪ. ಮಕ್ಕಳ ಡೈಪರ್ ದದ್ದಿನ ಮುಲಾಮಿನಲ್ಲಿ ಇರುವುದೂ ಇದೇ. ಹಾಗೆಂದು ಡೈಪರ್ ಮುಲಾಮನ್ನೇ ಮುಖಕ್ಕೆ ಹಚ್ಚಿ ಬಿಸಿಲಿಗೆ ಕಳಿಸುವವರಿದ್ದಾರೆ. ಕೆಲವು ಮುಲಾಮಿನಲ್ಲಿ 40% ಜಿಂಕ್ ಇರುತ್ತದೆ ನಿಜ, ಆದರೆ ಅದರ ಕಣಗಳು ಸಮನಾಗಿ ಹರಡುವಂತೆ ಕಲಸಿರುವುದಿಲ್ಲ, ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) ಪರೀಕ್ಷೆಯೂ ಆಗಿರುವುದಿಲ್ಲ. ಜಿಂಕ್ ಪುಡಿ ತಂದು ಮನೆಯಲ್ಲೇ ಎಣ್ಣೆಗೆ ಕಲಸಿದರೂ ಇದೇ ಕತೆ: ಗಂಟು ಕಟ್ಟಿದ ಕಣಗಳ ನಡುವೆ ಬರಿಯ ಚರ್ಮ.

ಜಿಂಕ್ ಕನ್ನಡಿಯಂತೆ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಆದ್ದರಿಂದ ಹಚ್ಚಿದ ತಕ್ಷಣ ಹೊರಗೆ ಹೋಗಬಹುದು ಎನ್ನುವುದುಂಟು. ಅದು ಪ್ರತಿಫಲಿಸುವುದು ಅಲ್ಪ ಪಾಲು ಮಾತ್ರ, ಉಳಿದದ್ದನ್ನು ಹೀರಿಕೊಳ್ಳುತ್ತದೆ. ಪದರ ಗಟ್ಟಿಯಾಗಿ ಕೂರಲು ಇದಕ್ಕೂ 15 ನಿಮಿಷ ಕೊಡಬೇಕು.

ತೊಂದರೆ ಶುರುವಾಗುವುದು ಹಚ್ಚುವಾಗ. ಸವರಿದಂತೆ ಕ್ರೀಮ್ ಚರ್ಮವನ್ನು ಎಳೆಯುತ್ತದೆ, ಮಗು ಮುಖ ತಿರುಗಿಸುತ್ತದೆ, ಕೊನೆಗೆ ತೆಳ್ಳಗೆ ಸವರಿ ಬಿಡುತ್ತೇವೆ. ಡಬ್ಬದ ಮೇಲಿನ ಎಸ್‌ಪಿಎಫ್ ಅಳೆಯುವುದು ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ. ಅದರ ಕಾಲು ಭಾಗ ಹಚ್ಚಿದರೆ 50 ಎಂದು ಬರೆದ ಕ್ರೀಮು 50ರಂತೆ ಕೆಲಸ ಮಾಡದು. ಧಾರಾಳವಾಗಿ ಹಚ್ಚಬಹುದಾದ 30ರ ಲೋಷನ್ ಅದಕ್ಕಿಂತ ವಾಸಿ. ಎಸ್‌ಪಿಎಫ್ 30 ಸುಮಾರು 97% ಯುವಿಬಿ ತಡೆದರೆ 50 ತಡೆಯುವುದು 98%. ಆ ಒಂದು ಶೇಕಡಾಕ್ಕಿಂತ ಹಚ್ಚುವ ಪ್ರಮಾಣವೇ ದೊಡ್ಡದು.

ಬೆರಳುಗಳ ನಡುವೆ ತಿಕ್ಕಿ ಸ್ವಲ್ಪ ಬೆಚ್ಚಗಾದ ಮೇಲೆ ಹಣೆ, ಎರಡು ಕೆನ್ನೆ, ಮೂಗು, ಗಲ್ಲಕ್ಕೆ ಚುಕ್ಕೆಯಿಟ್ಟು ಒತ್ತುತ್ತಾ ಹರಡಿದರೆ ಎಳೆತ ಕಡಿಮೆ. ಒಂದೇ ಸಲ ದಪ್ಪಗೆ ಬಳಿಯುವ ಬದಲು ಎರಡು ತೆಳು ಪದರ ಮೇಲು. ಜಿಂಕ್ ಎಣ್ಣೆಯಂಶವನ್ನು ಹೀರುವುದರಿಂದ ಇಸುಬಿನ ಚರ್ಮ ಸಂಜೆಗೆ ಬಿಗಿದಂತಾಗುತ್ತದೆ. ಅದಕ್ಕೆ 20-30 ನಿಮಿಷ ಮೊದಲೇ ಮಾಯಿಶ್ಚರೈಸರ್ ಹಚ್ಚಿರಬೇಕು. ಎರಡನ್ನೂ ಅಂಗೈಯಲ್ಲಿ ಕಲಸಿ ಹಚ್ಚಿದರೆ ಸನ್‌ಸ್ಕ್ರೀನ್ ತೆಳುವಾಗಿ ಒಡೆಯುತ್ತದೆ. ಮಾಯಿಶ್ಚರೈಸರ್ ಇನ್ನೂ ಜಿಡ್ಡಾಗಿರುವಾಗಲೇ ಮೇಲೆ ಬಳಿದರೆ ಜಾರಿ ಕತ್ತಿನ ಮಡಿಕೆಯಲ್ಲಿ ಸೇರಿಕೊಳ್ಳುತ್ತದೆ.

ಕಂದು, ಕಪ್ಪು ಚರ್ಮದ ಮೇಲೆ ಬೂದಿ ಬಳಿದಂತೆ ಕಾಣುವುದು ಸಣ್ಣ ವಿಷಯವಲ್ಲ. ಸ್ವಲ್ಪ ದೊಡ್ಡ ಮಕ್ಕಳು ನಾಚಿಕೆಯಿಂದಲೇ ಒರೆಸಿಕೊಳ್ಳುತ್ತಾರೆ. ಐರನ್ ಆಕ್ಸೈಡ್ ಸೇರಿಸಿದ ಬಣ್ಣದ ಕ್ರೀಮ್ ಇದಕ್ಕೆ ಪರಿಹಾರ. ಅಲರ್ಜಿಯ ಭಯ ಕಡಿಮೆ, ಅಂಗಿಯ ಕಾಲರಿಗೆ ಕಲೆ ಮಾತ್ರ ಖಾತ್ರಿ.

ತೊಳೆಯುವಾಗ ಸೋಪು ಹಚ್ಚಿ ಬಟ್ಟೆಯಿಂದ ತಿಕ್ಕಬೇಡಿ. ಮೊದಲು ಪರಿಮಳವಿಲ್ಲದ ಮಾಯಿಶ್ಚರೈಸರನ್ನೋ ಮಿನರಲ್ ಆಯಿಲನ್ನೋ ಸವರಿ ಒಂದೆರಡು ನಿಮಿಷ ಬಿಡಿ, ಜಿಂಕ್ ಸಡಿಲವಾಗುತ್ತದೆ. ಆಮೇಲೆ ಸೋಪಿಲ್ಲದ ಕ್ಲೆನ್ಸರ್, ಉಗುರು ಬೆಚ್ಚಗಿನ ನೀರು. "ಈ ಕ್ರೀಮ್ ನಮ್ಮ ಮಗುವಿಗೆ ಆಗಲಿಲ್ಲ" ಎನ್ನುವ ಮುಂಚೆ ಒಂದು ವಾರ ತೊಳೆಯುವ ರೀತಿ ಬದಲಿಸಿ ನೋಡುವುದು ಒಳ್ಳೆಯದು.

ಜಿಂಕ್ ಮತ್ತು ಟೈಟಾನಿಯಂ ಲೋಷನ್

ಹರಡಲು ಸುಲಭ, ಬಿಳುಪು ಕಡಿಮೆ, ಮಗು ಜಗಳವಾಡದೆ ಹಚ್ಚಿಸಿಕೊಳ್ಳುತ್ತದೆ. ಟೈಟಾನಿಯಂ ಡೈಆಕ್ಸೈಡ್ ಯುವಿಬಿಗೆ ಗಟ್ಟಿಗ, ಉದ್ದ ಅಲೆಯ ಯುವಿಎಗೆ ಬಲಹೀನ. ಆದ್ದರಿಂದ ಟೈಟಾನಿಯಂ ಒಂದೇ ಇರುವುದನ್ನು ಬಿಟ್ಟು, ಜಿಂಕ್ ಜೊತೆಗಿರುವುದನ್ನು ಆರಿಸಿ.

ಕ್ರೀಮಿಗೆ ಹೋಲಿಸಿದರೆ ಇಲ್ಲಿ ಲೇಬಲ್ ಓದುವ ಕೆಲಸ ಜಾಸ್ತಿ. ನೀರು ಹೆಚ್ಚಿದ್ದಲ್ಲಿ ಪ್ರಿಸರ್ವೇಟಿವ್ ಬೇಕೇ ಬೇಕು. ಅವುಗಳಲ್ಲಿ ಮೀಥೈಲ್‌ಐಸೋಥಯಾಝೋಲಿನೋನ್ ಕುಖ್ಯಾತ: ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ತಜ್ಞರ ಸಂಘ 2013ರಲ್ಲಿ ಇದನ್ನು ವರ್ಷದ ಅಲರ್ಜಿಕಾರಕವೆಂದು ಹೆಸರಿಸಿತು, ಹಚ್ಚಿ ಹಾಗೇ ಬಿಡುವ ಸೌಂದರ್ಯವರ್ಧಕಗಳಲ್ಲಿ ಯುರೋಪು 2017ರಿಂದ ಇದನ್ನು ನಿಷೇಧಿಸಿದೆ. ಹೆಸರು ಉದ್ದವಾದರೂ ಗುರುತು ಹಿಡಿಯುವುದು ಕಷ್ಟವಲ್ಲ. "ಥಯಾಝೋಲಿನೋನ್" ಎಂದು ಮುಗಿದರೆ ಟ್ಯೂಬ್ ವಾಪಸ್ ಇಡಿ.

ಇನ್ನೊಂದು ಬಲೆ "ಪೂರ್ತಿ ಮಿನರಲ್" ಎಂಬ ಬರಹ. ಜಿಂಕ್ ಕಡಿಮೆ, ಎಸ್‌ಪಿಎಫ್ ಮಾತ್ರ 50 ಎಂದಿದ್ದರೆ ಪಟ್ಟಿಯಲ್ಲಿ ಬ್ಯುಟೈಲ್‌ಆಕ್ಟೈಲ್ ಸ್ಯಾಲಿಸಿಲೇಟ್ ಹುಡುಕಿ. ಇದನ್ನು ಫಿಲ್ಟರ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಆಕ್ಟಿಸಲೇಟ್ ಎಂಬ ಕೆಮಿಕಲ್ ಫಿಲ್ಟರಿನ ಹತ್ತಿರದ ನೆಂಟ, ಯುವಿಬಿಯನ್ನು ಹೀರುತ್ತದೆ. ಹೆಚ್ಚಿನ ಮಕ್ಕಳಿಗೆ ಇದರಿಂದ ಏನೂ ಆಗದು. ಆದರೆ ಕೆಮಿಕಲ್ ಫಿಲ್ಟರನ್ನು ಪೂರ್ತಿ ಬಿಟ್ಟಿದ್ದೇವೆ ಎಂದುಕೊಂಡು ಹಚ್ಚುತ್ತಿರುವವರಿಗೆ ಗೊತ್ತಿರಬೇಕು.

"ಅನ್‌ಸೆಂಟೆಡ್" ಎಂದರೆ ವಾಸನೆ ಬಾರದು ಎಂದಷ್ಟೇ ಅರ್ಥ. ವಾಸನೆ ಮುಚ್ಚಲು ಹಾಕಿದ ಪರಿಮಳ ಒಳಗೆ ಇರಬಹುದು. ಬೇಕಾದದ್ದು "ಫ್ರಾಗ್ರೆನ್ಸ್ ಫ್ರೀ". ಲ್ಯಾವೆಂಡರ್ ಎಣ್ಣೆ, ಕ್ಯಾಮೊಮೈಲ್ ಹೂವಿನ ಸಾರ, ಜೇನುಗೂಡಿನ ಅಂಟಾದ ಪ್ರೊಪೊಲಿಸ್ ಇವು ನೈಸರ್ಗಿಕ ಎಂಬ ಹೆಸರಿನಲ್ಲಿ ಒಳನುಗ್ಗುವ ಅಲರ್ಜಿಕಾರಕಗಳು. ಇಸುಬಿರುವ ಮಗುವಿಗೆ ಪಟ್ಟಿ ಚಿಕ್ಕದಾದಷ್ಟೂ ಒಳ್ಳೆಯದು. "ಹೈಪೋಅಲರ್ಜೆನಿಕ್" (ಅಲರ್ಜಿ ಕಡಿಮೆ) ಎಂಬ ಪದ ನೋಡಿ ಮಾತ್ರ ಕೊಳ್ಳಬೇಡಿ, ಹಿಂಬದಿಯ ಪಟ್ಟಿಯನ್ನೂ ಓದಿ.

ಸ್ಟಿಕ್

ಬಹುತೇಕ ಸ್ಟಿಕ್‌ಗಳಲ್ಲಿ ನೀರಿಲ್ಲ, ಹಾಗಾಗಿ ಪ್ರಿಸರ್ವೇಟಿವ್ ಕಡಿಮೆ ಅಥವಾ ಇಲ್ಲವೇ ಇಲ್ಲ. ಮೇಣದ ಹಿಡಿತವಿರುವುದರಿಂದ ಬೆವರಿನೊಂದಿಗೆ ಕಣ್ಣಿಗೆ ಇಳಿಯುವುದೂ ಕಡಿಮೆ. ಕಣ್ಣಿನ ಸುತ್ತ, ಮೂಗಿನ ತುದಿ, ಕಿವಿಯ ಅಂಚಿಗೆ ಇದಕ್ಕೆ ಸಾಟಿಯಿಲ್ಲ. ಇಡೀ ಮೈಗೆ ಮಾತ್ರ ಆಗದು. ಒಂದೇ ಎಳೆತಕ್ಕೆ ಕೂರುವ ಪದರ ತೀರಾ ತೆಳು; ಒಂದೇ ಜಾಗದ ಮೇಲೆ ನಾಲ್ಕು ಸಲ ಹಿಂದೆ ಮುಂದೆ ಎಳೆದು ಬೆರಳಲ್ಲಿ ಒತ್ತಬೇಕು. ಕೆರೆದು ಒರಟಾದ ಚರ್ಮದ ಮೇಲೆ ನೇರ ಎಳೆದರೆ ನೋವಾಗುತ್ತದೆ, ಅಲ್ಲಿಗೆ ಬೆರಳಿನಿಂದಲೇ ತೆಗೆದು ಹಚ್ಚಿ.

ಹೊಸ ತಲೆಮಾರಿನ ಕೆಮಿಕಲ್ ಫಿಲ್ಟರ್‌ಗಳು

ಇಲ್ಲಿ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆಕ್ಸಿಬೆಂಝೋನ್ ಮತ್ತು ಆಕ್ಟೋಕ್ರಿಲೀನ್ ಸೂಕ್ಷ್ಮ ಚರ್ಮಕ್ಕೆ ಬೇಡ: ಎರಡೂ ಬಿಸಿಲು ತಗುಲಿದಾಗ ಮಾತ್ರ ಕಾಣಿಸಿಕೊಳ್ಳುವ ಫೋಟೋಅಲರ್ಜಿಗೆ ಹೆಸರಾದವು. ಆಕ್ಸಿಬೆಂಝೋನ್ ಸೇರಿದ ಬೆಂಝೋಫಿನೋನ್ ಗುಂಪು 2014ರ ವರ್ಷದ ಅಲರ್ಜಿಕಾರಕ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಕರಡು ನಿಯಮದಲ್ಲಿ ಸುರಕ್ಷಿತ ಮತ್ತು ಪರಿಣಾಮಕಾರಿ ಎಂದು ಒಪ್ಪಿದ್ದು ಜಿಂಕ್, ಟೈಟಾನಿಯಂ ಎರಡನ್ನೇ. ಹನ್ನೆರಡು ಕೆಮಿಕಲ್ ಫಿಲ್ಟರ್‌ಗಳಿಗೆ ಇನ್ನಷ್ಟು ಮಾಹಿತಿ ಬೇಕೆಂದಿತು.

ಬೆಮೋಟ್ರಿಝಿನಾಲ್, ಎಥೈಲ್‌ಹೆಕ್ಸೈಲ್ ಟ್ರಯಾಝೋನ್‌ನಂಥವು ಬೇರೆ ಜಾತಿ. ಅಣು ದೊಡ್ಡದು, ಚರ್ಮದೊಳಗೆ ಇಳಿಯುವುದು ತೀರಾ ಕಡಿಮೆ, ಬಿಸಿಲಿಗೆ ಒಡೆಯುವುದಿಲ್ಲ. ಬಿಳುಪಿಲ್ಲದೆ ಹರಡುತ್ತವೆ. ಜಿಂಕ್ ಕ್ರೀಮ್ ಕಂಡರೆ ಓಡಿಹೋಗುವ, ಪ್ರತಿ ಸಲ ಒರೆಸಿಕೊಳ್ಳುವ ಮಗುವಿಗೆ ಇದು ನಮ್ಮ ಎರಡನೇ ಆಯ್ಕೆ. ಆದರೆ ಜೆಲ್ ರೂಪದ್ದು ಬೇಡ. ಅದರಲ್ಲಿ ಆಲ್ಕೊಹಾಲ್ ಇದ್ದರೆ ಒಡೆದ ಚರ್ಮಕ್ಕೆ ಖಾರ ಹಚ್ಚಿದಂತೆ ಉರಿಯುತ್ತದೆ. ಒಮ್ಮೆ ಉರಿದರೆ ಮುಂದೆ ಯಾವ ಟ್ಯೂಬ್ ತೆರೆದರೂ ಮಗು ಹತ್ತಿರ ಬರುವುದಿಲ್ಲ. ಕಣ್ಣಿನ ಹತ್ತಿರವೂ ಬೇಡ, ಬೆವರಿಳಿದರೆ ಚುರುಗುಟ್ಟುತ್ತದೆ.

ಸ್ಪ್ರೇ ಬಗ್ಗೆ ಎರಡೇ ಮಾತು. ಅರ್ಧ ಗಾಳಿಗೆ ಹೋಗುತ್ತದೆ, ಉಳಿದದ್ದರಲ್ಲಿ ಸ್ವಲ್ಪ ಮಗುವಿನ ಶ್ವಾಸಕೋಶಕ್ಕೆ. ಪುಡಿ ರೂಪದ ಟೈಟಾನಿಯಂ ಉಸಿರಿನಲ್ಲಿ ಹೋಗುವುದು ಒಳ್ಳೆಯದಲ್ಲ, ಹೀಗಾಗಿ ಮಿನರಲ್ ಸ್ಪ್ರೇ ಮತ್ತು ಪೌಡರ್ ಎರಡನ್ನೂ ಪಟ್ಟಿಯಿಂದ ತೆಗೆದಿದ್ದೇವೆ.

ಬಟ್ಟೆಯನ್ನೂ ತಕ್ಕಡಿಗೆ ಹಾಕಿದರೆ

15 ಕಿಲೋ ತೂಗುವ ಮಗುವಿನ ಮೈ ಸುಮಾರು 6,500 ಚದರ ಸೆಂಟಿಮೀಟರ್. ಪೂರ್ತಿ ಹಚ್ಚಲು 13 ಗ್ರಾಂ ಬೇಕು. ಅರ್ಧ ತೋಳಿನ ಅಂಗಿ, ಚಡ್ಡಿ ಹಾಕಿದರೆ ಮುಖ, ಕತ್ತು, ಮೊಣಕೈಯಿಂದ ಕೆಳಗೆ, ಮೊಣಕಾಲಿನಿಂದ ಕೆಳಗೆ ಸೇರಿ ನಾಲ್ಕೂವರೆ ಗ್ರಾಂ, ಅಂದರೆ ಹತ್ತಿರ ಹತ್ತಿರ ಒಂದು ಟೀ ಚಮಚ. ತುಂಬು ತೋಳು, ಉದ್ದ ಪ್ಯಾಂಟ್ ಹಾಕಿದರೆ ಎರಡು ಗ್ರಾಂ ಒಳಗೆ ಮುಗಿಯುತ್ತದೆ. ಯುಪಿಎಫ್ (ಬಟ್ಟೆ ಬಿಸಿಲು ತಡೆಯುವ ಅಳತೆ) 50 ಎಂದು ಗುರುತಿರುವ ಬಟ್ಟೆ ಒಳಬಿಡುವುದು 2% ಯುವಿ ಮಾತ್ರ. ತೆಳು ಬಿಳಿ ಹತ್ತಿಯ ಟೀ ಶರ್ಟ್ ಇದರ ಹತ್ತಿರಕ್ಕೂ ಬಾರದು, ಒದ್ದೆಯಾದರೆ ಇನ್ನೂ ಕಳಪೆ. ಗಾಢ ಬಣ್ಣದ ಒತ್ತು ನೇಯ್ಗೆಯ ಬಟ್ಟೆ, ಸುತ್ತಲೂ 7 ಸೆಂಟಿಮೀಟರ್ ಅಂಚಿರುವ ಟೋಪಿ ತಂದರೆ ಅಲರ್ಜಿಯ ತಲೆನೋವು ಮುಖ ಮತ್ತು ಮುಂಗೈಗೆ ಇಳಿಯುತ್ತದೆ. ಹಾಗಾಗಿ ಮೊದಲ ದುಡ್ಡು ಬಟ್ಟೆಗೆ, ಎರಡನೆಯದು ಸಣ್ಣ ಜಿಂಕ್ ಟ್ಯೂಬಿಗೆ, ಮೂರನೆಯದು ಸ್ಟಿಕ್ಕಿಗೆ.

ಲೆಕ್ಕದಲ್ಲಿ ಇನ್ನೊಂದು ಉಪಯೋಗವಿದೆ. ಸಲಕ್ಕೆ ನಾಲ್ಕೂವರೆ ಗ್ರಾಂ ಎಂದರೆ 50 ಗ್ರಾಂ ಟ್ಯೂಬ್ ಹನ್ನೊಂದು ಸಲಕ್ಕೆ ಖಾಲಿ. ಎರಡು ಗಂಟೆಗೊಮ್ಮೆ, ನೀರಾಟವಾದ ಮೇಲೆ ಮತ್ತೊಮ್ಮೆ ಹಚ್ಚಬೇಕಲ್ಲ. ಆ ಟ್ಯೂಬ್ ಬೇಸಿಗೆಯುದ್ದಕ್ಕೂ ಬಂದರೆ ಉಳಿತಾಯವಾಗಿಲ್ಲ, ಹಚ್ಚಿದ್ದೇ ಕಡಿಮೆ.

ಮನೆಯಲ್ಲಿ ಪರೀಕ್ಷಿಸುವ ಕ್ರಮ

ಇಸುಬು ಕೆರಳಿರುವಾಗ ಪರೀಕ್ಷೆ ಬೇಡ, ಆಗ ಏನು ಹಚ್ಚಿದರೂ ಉರಿಯುತ್ತದೆ. ಶಾಂತವಾದ ಮೇಲೆ ಮೊಣಕೈ ಒಳಮಡಿಕೆಯಲ್ಲಿ ನಾಣ್ಯದಗಲ ಜಾಗಕ್ಕೆ ದಿನಕ್ಕೆರಡು ಸಲದಂತೆ ಏಳು ದಿನ ಹಚ್ಚಿ. ಎರಡು ಉತ್ಪನ್ನ ಹೋಲಿಸುವುದಾದರೆ ಕೈಗೊಂದು. ಎರಡೂ ಕೆಂಪಾದರೆ ಒಂದು ವಾರ ಬಿಟ್ಟು, ದಿನವೂ ಬಳಸುವ ಮಾಯಿಶ್ಚರೈಸರನ್ನೇ ಅದೇ ಜಾಗಕ್ಕೆ ಹಚ್ಚಿ ನೋಡಿ. ಅದಕ್ಕೂ ಕೆಂಪಾದರೆ ಚರ್ಮವೇ ಇನ್ನೂ ಸಿದ್ಧವಾಗಿಲ್ಲ. ಒಳಮಡಿಕೆಯ ಪರೀಕ್ಷೆ ಪಾಸಾದರೂ ಅರ್ಧವೇ ಮುಗಿದಂತೆ, ಅಲ್ಲಿಗೆ ಬಿಸಿಲು ಬೀಳುವುದಿಲ್ಲ. ಎಂಟನೇ ದಿನ ಮುಂಗೈ ಹೊರಭಾಗಕ್ಕೆ ಹಚ್ಚಿ, ಎಳೆಬಿಸಿಲಿನಲ್ಲಿ 20 ನಿಮಿಷ ಆಡಲು ಬಿಟ್ಟು, ಮೂರು ದಿನ ಗಮನಿಸಿ.

ಹಚ್ಚಿದೊಡನೆ ಉರಿದು ಅರ್ಧ ಗಂಟೆಯಲ್ಲಿ ತಣ್ಣಗಾದರೆ ಅದು ಕಿರಿಕಿರಿ, ಅಲರ್ಜಿಯಲ್ಲ. ಒಂದರಿಂದ ಮೂರು ದಿನಕ್ಕೆ ತುರಿಕೆಯ ಕೆಂಪು ದದ್ದು ಎದ್ದು ಹಚ್ಚಿದ ಗೆರೆ ದಾಟಿ ಹರಡಿದರೆ ಅಲರ್ಜಿಯ ಶಂಕೆ. ಅದೇ ದದ್ದು ಗಲ್ಲದ ಕೆಳಗೆ, ಕಿವಿಯ ಹಿಂದೆ ಬಿಟ್ಟು ಬಿಸಿಲು ಬಿದ್ದಲ್ಲಿ ಮಾತ್ರ ಇದ್ದರೆ ಫೋಟೋಅಲರ್ಜಿ ಇರಬಹುದು. ಕ್ರೀಮ್ ಮುಟ್ಟದ ಜಾಗದಲ್ಲೂ ಬಿಸಿಲಿಗೆ ಹೋದ ಕೆಲವೇ ಗಂಟೆಗಳಲ್ಲಿ ಗುಳ್ಳೆ ಎದ್ದರೆ ಸನ್‌ಸ್ಕ್ರೀನನ್ನು ಬೈಯಬೇಡಿ, ಅದು ಬಿಸಿಲಿಗೇ ಬಂದದ್ದು. ಕತ್ತಿನ ಮಡಿಕೆ, ಬೆನ್ನಿನಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಮಾನ್ಯವಾಗಿ ಬೆವರುಸಾಲೆ. ಮೇಣದಂಥ ಕ್ರೀಮನ್ನು ಅಲ್ಲಿಂದ ದೂರವಿಡಿ. ನಿಮಿಷಗಳಲ್ಲಿ ಗಂಧೆ ಎದ್ದರೆ ತಕ್ಷಣ ತೊಳೆದು ವೈದ್ಯರಿಗೆ ತಿಳಿಸಿ. ತುಟಿ, ಕಣ್ಣು ಊದಿದರೆ ಅಥವಾ ಉಸಿರು ಕಟ್ಟಿದರೆ ಸೀದಾ ತುರ್ತು ಚಿಕಿತ್ಸೆಗೆ.

ಅಲರ್ಜಿ ಎಂಬ ಅನುಮಾನ ಬಂದಾಗ ಟ್ಯೂಬ್ ಎಸೆಯಬೇಡಿ. ಚರ್ಮವೈದ್ಯರು ಪ್ಯಾಚ್ ಟೆಸ್ಟ್ (ಚರ್ಮದ ಮೇಲೆ ಪಟ್ಟಿ ಅಂಟಿಸಿ ಮಾಡುವ ಅಲರ್ಜಿ ಪರೀಕ್ಷೆ), ಬೇಕಾದರೆ ಅದಕ್ಕೆ ಬೆಳಕನ್ನೂ ಹಾಯಿಸಿ ನೋಡುವ ಫೋಟೋಪ್ಯಾಚ್ ಟೆಸ್ಟ್ ಮಾಡಲು ಅದರ ಹಿಂಬದಿಯ ಪಟ್ಟಿಯೂ ಒಳಗಿನ ಕ್ರೀಮೂ ಬೇಕಾಗುತ್ತದೆ. ರಸಿಕೆ ಸೋರುವ, ಕೆರೆದು ಗಾಯವಾದ ಜಾಗಕ್ಕೆ ಯಾವ ಸನ್‌ಸ್ಕ್ರೀನೂ ಬೇಡ, ಬಟ್ಟೆಯಿಂದ ಮುಚ್ಚಿ. ಇಸುಬಿಗೆ ಕೊಡುವ ಟ್ಯಾಕ್ರೋಲಿಮಸ್ ಮುಲಾಮು ಬಳಸುತ್ತಿರುವ ಮಗುವಿಗೆ ಬಿಸಿಲೇ ಆದಷ್ಟು ಕಡಿಮೆಯಿರಲಿ.

ಜಿಂಕ್ ಟ್ಯೂಬನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ. ಎಣ್ಣೆ ಬೇರ್ಪಟ್ಟು ಮೊದಲು ನೀರಿನಂಥದ್ದು, ಆಮೇಲೆ ಪೇಸ್ಟಿನಂಥದ್ದು ಹೊರಬಂದರೆ, ಕುಲುಕಿದರೂ ಒಂದಾಗದಿದ್ದರೆ, ಅವಧಿ ಇನ್ನೂ ಇದ್ದರೂ ಅದನ್ನು ಮಗುವಿಗೆ ಹಚ್ಚಬೇಡಿ.