ಚಿಪ್‌ಗೆ 'ಸಿಸಿ' ಬೀಗ ಹಾಕಬೇಡಿ: 36 ಪಂಪ್‌ಸೆಟ್ ಬಾಕ್ಸ್‌ಗಳಲ್ಲಿ ನನಗಾದ ಅನುಭವ

ಎಸ್‌ಟಿಎಂ32 ಚಿಪ್ (ಪ್ರೋಗ್ರಾಮ್ ತುಂಬಿಸಿ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್) ಹಾಕಿ ಬೋರ್ಡ್ ಮಾಡಿ ಮಾರುವವರು, ಮಾರಬೇಕು ಅಂತ ಇರುವವರು ದಯವಿಟ್ಟು ಇದನ್ನು ಓದಿ. ಪ್ರೋಗ್ರಾಮ್ ಯಾರೂ ಕದಿಯಬಾರದು ಅಂತ ಚಿಪ್ ಲಾಕ್ ಮಾಡುತ್ತೀರಲ್ಲ, ಆಗ ಆರ್‌ಡಿಪಿ, ಅಂದರೆ ಹೊರಗಿನಿಂದ ಚಿಪ್ ಓದದಂತೆ ತಡೆಯುವ ಸೆಟ್ಟಿಂಗ್, ಅನ್ನುವ ಜಾಗದಲ್ಲಿ 'ಸಿಸಿ' ಆರಿಸಬೇಡಿ. ಒಮ್ಮೆ ಹಾಕಿದರೆ ಮುಗಿಯಿತು. ಕಳ್ಳನಿಗಷ್ಟೇ ಅಲ್ಲ, ನಿಮಗೂ ಆ ಚಿಪ್ ಬಾಗಿಲು ತೆರೆಯುವುದಿಲ್ಲ. ನಾನು 36 ಬೋರ್ಡ್‌ಗಳಿಗೆ ಹಾಕಿಬಿಟ್ಟೆ.

ಸಿಂಧನೂರಿನಲ್ಲಿ ನನ್ನದು ಮೋಟಾರು ಪ್ಯಾನೆಲ್ ಬೋರ್ಡ್ ಕಟ್ಟುವ, ರಿಪೇರಿ ಮಾಡುವ ಅಂಗಡಿ. ನಮ್ಮ ಕಡೆ ಭತ್ತದ ಗದ್ದೆಗೆ ತ್ರೀ ಫೇಸ್ ಕರೆಂಟ್ ಪಾಳಿ ಪ್ರಕಾರ ಬರುತ್ತದೆ. ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿ ಇದ್ದರೆ ರೈತರು ಟಾರ್ಚ್ ಹಿಡಿದು ಬದುವಿನ ಮೇಲೆ ನಡೆದು ಹೋಗಬೇಕು. ಹಾವಿನ ಭಯ ಬೇರೆ. ಅದಕ್ಕೆ ಅಂತಲೇ ಎರಡು ವರ್ಷ ಕೂತು ಒಂದು ಆಟೋ ಸ್ಟಾರ್ಟರ್ ಬಾಕ್ಸ್ ಮಾಡಿದೆ. ಕರೆಂಟ್ ಬಂದರೆ ಮೂರೂ ಫೇಸ್ ಸರಿ ಇದೆಯಾ ಅಂತ ನೋಡಿ, ಮೋಟಾರು ಚಾಲೂ ಮಾಡಿ, ರೈತರ ಮೊಬೈಲ್‌ಗೆ ಮೆಸೇಜ್ ಕಳಿಸುತ್ತದೆ. 6 ತಾಸಾದ ಮೇಲೆ ತಾನೇ ಬಂದ್ ಮಾಡುತ್ತದೆ. ಒಳಗಿರುವುದು ಎಸ್‌ಟಿಎಂ32ಎಫ್030 ಚಿಪ್. ಕರೆಂಟ್ ಹೋದಾಗಲೂ ಮೆಸೇಜ್ ಹೋಗಬೇಕು ಅಂತ ಒಂದು ಸಣ್ಣ ಬ್ಯಾಟರಿ ಇಟ್ಟಿದ್ದೆ. ಈ ಬ್ಯಾಟರಿ ವಿಷಯ ನೆನಪಿಟ್ಟುಕೊಳ್ಳಿ.

ನಾಟಿ ಮುಗಿಯುತ್ತಿದ್ದ ಹಾಗೆ, ಆಗಸ್ಟ್ ಮೊದಲ ವಾರ, ಸಿಂಧನೂರು, ಮಾನ್ವಿ, ಸಿರವಾರ ಸುತ್ತಮುತ್ತ ಮೂರು ದಿನದಲ್ಲಿ 36 ಬಾಕ್ಸ್ ಕೂರಿಸಿದೆ. ಅದಕ್ಕೂ ಮುಂಚೆ ಒಂದು ಭಯ ಹೊಕ್ಕಿತ್ತು. ಯಾರಾದರೂ ಒಂದು ಬಾಕ್ಸ್ ಬಿಚ್ಚಿ ನನ್ನ ಪ್ರೋಗ್ರಾಮ್ ಕಾಪಿ ಮಾಡಿಕೊಂಡರೆ? ಒಂದು ವಿಡಿಯೋ ನೋಡಿದೆ. ಪ್ರೋಗ್ರಾಮ್ ತುಂಬಿಸಿ ಕೊನೆಗೆ ಲಾಕ್ ಮಾಡುವ ಬ್ಯಾಚ್ ಫೈಲ್ ಅದರಲ್ಲಿತ್ತು. ಹಾಗೇ ನಕಲು ಮಾಡಿಕೊಂಡೆ. ಕೊನೆಯ ಸಾಲಿನಲ್ಲಿ ಆರ್‌ಡಿಪಿಗೆ ಸಿಸಿ ಅಂತ ಇತ್ತು. ಲಾಕ್ ಅಂದರೆ ಲಾಕ್, ಬೇಕಾದಾಗ ತೆಗೆದರಾಯಿತು ಅಂದುಕೊಂಡೆ. ಬೋರ್ಡ್ ಓಡುತ್ತಿತ್ತು, ಎಲ್‌ಇಡಿ ಮಿನುಗುತ್ತಿತ್ತು, ಮೆಸೇಜ್ ಬರುತ್ತಿತ್ತು. ಲಾಕ್ ಆದ ಮೇಲೆ ಒಂದೇ ಒಂದು ಬೋರ್ಡ್‌ಗಾದರೂ ಎಸ್‌ಟಿ-ಲಿಂಕ್ (ಲ್ಯಾಪ್‌ಟಾಪ್‌ನಿಂದ ಚಿಪ್‌ಗೆ ಪ್ರೋಗ್ರಾಮ್ ತುಂಬಿಸುವ ಸಾಧನ) ಮತ್ತೆ ಚುಚ್ಚಿ ನೋಡಬೇಕಿತ್ತು. ನೋಡಲಿಲ್ಲ.

ಸೆಪ್ಟೆಂಬರ್ ಕೊನೆಗೆ ಒಂದು ರಾತ್ರಿ ಹತ್ತೂವರೆಗೆ ಫೋನ್. "ತಮ್ಮಾ, ಮೋಟ್ರು ಚಾಲೂ ಆಗ್ತೈತಿ, ಕಣ್ಣು ಮುಚ್ಚಿ ತೆಗಿಯೋದ್ರೊಳಗ ಬಂದ್ ಆಗ್ತೈತಿ. ಗದ್ದಿಗೆ ನೀರಿಲ್ಲ." ಹತ್ತು ನಿಮಿಷದಲ್ಲಿ ಇನ್ನೊಬ್ಬರು. ಬೆಳಿಗ್ಗೆ ಹೋಗಿ ನೋಡಿದರೆ ಬಾಕ್ಸ್ ಸರಿಯಾಗಿಯೇ ಇದೆ. ಮಾರನೇ ರಾತ್ರಿ ಬೇರೆ ಊರಿನಿಂದ ಅದೇ ಮಾತು. ಮೂರು ರಾತ್ರಿಯಲ್ಲಿ 14 ಬಾಕ್ಸ್, ಪ್ರತಿಯೊಂದೂ ಒಂದೊಂದೇ ರಾತ್ರಿ ಕೆಟ್ಟು, ಮರುದಿನ ತಾನಾಗಿಯೇ ಸರಿ ಹೋಯಿತು.

ಬಾಕ್ಸ್ ಕೂರಿಸಿದ ದಿನ, ಟೈಮ್ ಎಲ್ಲ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೆ. ಅದೇ ಕಾಪಾಡಿತು. ಕೆಟ್ಟ 14 ಕೂಡ ಬೆಳಿಗ್ಗೆ ಹನ್ನೊಂದರೊಳಗೆ ಕೂರಿಸಿದವು. ಮಧ್ಯಾಹ್ನ ಕೂರಿಸಿದವು ಒಂದೂ ಕೆಟ್ಟಿಲ್ಲ. ಎಲ್ಲಕ್ಕೂ ಹತ್ತಿರ ಹತ್ತಿರ 50 ದಿನ ಆಗಿತ್ತು. ಅಷ್ಟು ಸಾಕಾಯಿತು.

ಚಿಪ್ ಒಳಗೆ ಮಿಲಿಸೆಕೆಂಡ್ ಎಣಿಸುವ 32 ಬಿಟ್ ಲೆಕ್ಕ ಒಂದಿರುತ್ತದೆ. 4,29,49,67,295 ತನಕ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಅಂದರೆ 49 ದಿನ 17 ತಾಸು. ನಾನು 'ಈಗಿನ ಲೆಕ್ಕಕ್ಕೆ 6 ತಾಸು ಕೂಡಿಸು, ಅದನ್ನು ದಾಟಿದರೆ ಬಂದ್ ಮಾಡು' ಅಂತ ಬರೆದಿದ್ದೆ. ಕೊನೆಯ 6 ತಾಸಿನಲ್ಲಿ ಮೋಟಾರು ಚಾಲೂ ಆದರೆ ಕೂಡಿಸಿದ ಮೊತ್ತ ಸುತ್ತು ಹಾಕಿ ಚಿಕ್ಕ ಸಂಖ್ಯೆ ಆಗುತ್ತದೆ. ಚಿಪ್‌ಗೆ ಟೈಮ್ ಆಗಲೇ ದಾಟಿದ ಹಾಗೆ ಕಾಣುತ್ತದೆ, ತಕ್ಷಣ ಬಂದ್. ಬೆಳಿಗ್ಗೆ ಹತ್ತಕ್ಕೆ ಬ್ಯಾಟರಿ ಹಾಕಿದ ಬಾಕ್ಸ್‌ನ ಲೆಕ್ಕ ಸುತ್ತುವುದು ರಾತ್ರಿ ಮೂರಕ್ಕೆ. ರಾತ್ರಿ ಹತ್ತಕ್ಕೆ ಕರೆಂಟ್ ಬಂದರೆ ಸರಿಯಾಗಿ ಆ 6 ತಾಸಿನೊಳಗೇ ಸಿಕ್ಕಿಕೊಳ್ಳುತ್ತದೆ. ಮಧ್ಯಾಹ್ನದವು ಪಾರಾದದ್ದು ಕರೆಂಟ್ ಪಾಳಿಯಿಂದ ಅಷ್ಟೇ, ಹಗಲು ಪಾಳಿ ಇದ್ದಿದ್ದರೆ ಅವು ಕೆಡುತ್ತಿದ್ದವು.

ಬ್ಯಾಟರಿ ಇರದಿದ್ದರೆ ಕರೆಂಟ್ ಹೋದಾಗಲೆಲ್ಲ ಲೆಕ್ಕ ಸೊನ್ನೆಯಿಂದ ಶುರುವಾಗಿ ಈ ತಪ್ಪು ಕಣ್ಣಿಗೇ ಬೀಳುತ್ತಿರಲಿಲ್ಲ. ಅಂಗಡಿಯಲ್ಲಿ ಸಿಗದಿದ್ದದ್ದೂ ಅದಕ್ಕೇ. ದಿನಾ ಸಂಜೆ ಸ್ವಿಚ್ ಆಫ್ ಮಾಡಿ ಮನೆಗೆ ಹೋಗುತ್ತಿದ್ದೆ. ಈಗ ಟೆಸ್ಟ್ ಮಾಡುವಾಗ ಆ ಲೆಕ್ಕವನ್ನೇ ಕೊನೆಯ ಹತ್ತಿರದಿಂದ ಶುರು ಮಾಡುತ್ತೇನೆ, ಒಂದು ನಿಮಿಷದಲ್ಲಿ ಸುತ್ತು ಬಂದುಬಿಡುತ್ತದೆ. ಲಿನಕ್ಸ್ ಕರ್ನೆಲ್‌ನಲ್ಲಿ ಕೂಡ ಅದರ ಸಮಯದ ಲೆಕ್ಕ ಬೂಟ್ ಆದ 5 ನಿಮಿಷಕ್ಕೆ ಸುತ್ತುವ ಹಾಗೆ ಬೇಕಂತಲೇ ಇಟ್ಟಿದ್ದಾರೆ, ತಪ್ಪಿದ್ದರೆ ಬೇಗ ಸಿಗಲಿ ಅಂತ.

ಪ್ರೋಗ್ರಾಮ್ ಸರಿ ಮಾಡೋಕೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಕೂಡಿಸುವ ಬದಲು ಕಳೆಯಬೇಕು. ಈಗಿನ ಲೆಕ್ಕದಿಂದ ಶುರುವಿನ ಲೆಕ್ಕ ಕಳೆದು, ಅದು 6 ತಾಸಿಗಿಂತ ಜಾಸ್ತಿನಾ ಅಂತ ನೋಡಬೇಕು. ಚಿಹ್ನೆ ಇಲ್ಲದ 32 ಬಿಟ್ ಸಂಖ್ಯೆಯಲ್ಲಿ ಈ ಕಳೆಯುವ ಲೆಕ್ಕ ಸುತ್ತು ಬಂದರೂ ಸರಿ ಬರುತ್ತದೆ. ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಬೈಕ್ ಹತ್ತಿದೆ.

ಮೊದಲ ಬಾಕ್ಸ್ ಮಾನ್ವಿ ಹತ್ತಿರ, ಒಂದು ಬೇವಿನ ಮರದ ಕೆಳಗೆ. ಎಸ್‌ಟಿ-ಲಿಂಕ್ ಚುಚ್ಚಿ ಕನೆಕ್ಟ್ ಒತ್ತಿದರೆ 'ನೋ ಎಸ್‌ಟಿಎಂ32 ಟಾರ್ಗೆಟ್ ಫೌಂಡ್'. ವೈರ್ ಸಡಿಲ ಇರಬೇಕು ಅಂತ ಬದಲಿಸಿದೆ. ಗ್ರೌಂಡ್ ನೋಡಿದೆ, 3.3 ವೋಲ್ಟ್ ಸರಿಯಾಗಿ ಬರುತ್ತಿದೆ. ಎಸ್‌ಟಿ-ಲಿಂಕ್ ಚಿಪ್ ಜೊತೆ ಮಾತಾಡುವ ವೇಗ ಇಳಿಸಿದೆ. ರೀಸೆಟ್ ಪಿನ್‌ಗೆ ವೈರ್ ಹಾಕಿ 'ಕನೆಕ್ಟ್ ಅಂಡರ್ ರೀಸೆಟ್' ಮಾಡಿದೆ. ಮಾಮೂಲಿ ತೊಂದರೆ ಆಗಿದ್ದರೆ ಇಷ್ಟರಲ್ಲಿ ಕನೆಕ್ಟ್ ಆಗಬೇಕಿತ್ತು. ಬೂಟ್0 ಪಿನ್ ಮೇಲೆತ್ತಿ, ಪಿಎ9, ಪಿಎ10 ಪಿನ್‌ಗಳಿಗೆ ಯುಎಸ್‌ಬಿ ಸೀರಿಯಲ್ ವೈರ್ ಹಾಕಿ, ಚಿಪ್ ಒಳಗೇ ಇರುವ ಬೂಟ್‌ಲೋಡರ್ (ಹೊಸ ಪ್ರೋಗ್ರಾಮ್ ತೆಗೆದುಕೊಳ್ಳುವ ಸಣ್ಣ ಪ್ರೋಗ್ರಾಮ್) ಕರೆದೆ. ಉತ್ತರವಿಲ್ಲ. ಹೊಸ ಎಸ್‌ಟಿ-ಲಿಂಕ್ ತರಿಸಿದೆ, ಡ್ರೈವರ್ ಮತ್ತೆ ಹಾಕಿದೆ. ಎರಡು ದಿನ ಹೀಗೇ ಹೋಯಿತು. ಕೊನೆಗೆ ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಬೋರ್ಡ್ ಎತ್ತಿ ಚುಚ್ಚಿದೆ. ಒಂದೇ ಸಲಕ್ಕೆ ಕನೆಕ್ಟ್ ಆಯಿತು. ಅದು ಲಾಕ್ ಮಾಡದ ಬೋರ್ಡ್. ನೀವು ಈ ಕೆಲಸವನ್ನು ಎರಡು ದಿನ ಆದ ಮೇಲಲ್ಲ, ಮೊದಲ ಐದು ನಿಮಿಷದಲ್ಲಿ ಮಾಡಿ.

ಆಮೇಲೆ ಚಿಪ್ ಕಂಪನಿಯ ಮ್ಯಾನ್ಯುಯಲ್ ತೆಗೆದು ಓದಿದೆ. ಎಎ ಅಂದರೆ ಲೆವೆಲ್ 0, ಲಾಕ್ ಇಲ್ಲ. ಬಿಬಿ ಅಂದರೆ ಲೆವೆಲ್ 1, ಹೊರಗಿನಿಂದ ಪ್ರೋಗ್ರಾಮ್ ಓದಲು ಬಿಡುವುದಿಲ್ಲ. ಸಿಸಿ ಅಂದರೆ ಲೆವೆಲ್ 2. ಎಸ್‌ಟಿ-ಲಿಂಕ್ ಚುಚ್ಚುವ ಡೀಬಗ್ ಪಿನ್ ಶಾಶ್ವತವಾಗಿ ಬಂದ್, ಬೂಟ್‌ಲೋಡರ್ ಬಂದ್, ಲಾಕ್ ಬದಲಿಸುವುದೂ ಬಂದ್. ಲೆವೆಲ್ 2 ಹಾಕಿದ ಚಿಪ್ ಕೆಟ್ಟರೆ ತಾವೂ ಪರೀಕ್ಷೆ ಮಾಡಲು ಆಗುವುದಿಲ್ಲ ಅಂತ ಕಂಪನಿ ಅಲ್ಲೇ ಸ್ಪಷ್ಟವಾಗಿ ಬರೆದಿದೆ. ಓದುತ್ತಾ ಕೈ ತಣ್ಣಗಾಯಿತು.

ನನಗೆ ಬೇಕಿದ್ದದ್ದು ಲೆವೆಲ್ 1 ಮಾತ್ರ. ಅದನ್ನು ಲೆವೆಲ್ 0ಗೆ ಇಳಿಸಿದರೆ ಚಿಪ್ ಒಳಗಿನದೆಲ್ಲ ಅಳಿಸಿ ಹೋಗುತ್ತದೆ. ಕಾಪಿ ಮಾಡಲು ಬಂದವನಿಗೆ ಖಾಲಿ ಚಿಪ್, ನನಗೆ ಹೊಸ ಪ್ರೋಗ್ರಾಮ್ ತುಂಬಿಸಲು ದಾರಿ. ನನ್ನ ಎಫ್030 ಸೇರಿದ ಎಫ್0 ಗುಂಪಿನ ಚಿಪ್‌ಗಳ ಲೆವೆಲ್ 1 ಅನ್ನು ಜರ್ಮನಿಯ ಸಂಶೋಧಕರು 2017ರಲ್ಲಿ ಮುರಿದು ತೋರಿಸಿದ್ದಾರೆ, ನಿಜ. ಆದರೆ ಪಂಪ್‌ಸೆಟ್ ಬಾಕ್ಸ್‌ಗೆ ಅಷ್ಟು ಕಷ್ಟ ಪಡುವವರು ಯಾರು? ಲೆವೆಲ್ 2 ಬೇಕೇ ಬೇಕು ಅನ್ನುವವರು ಮೊದಲು ನಿಮ್ಮದೇ ಬೂಟ್‌ಲೋಡರ್ ಬರೆದು ಒಳಗಿಡಿ. ಚಿಪ್ ಓಡುತ್ತಲೇ ಇರುವುದರಿಂದ ಹೊಸ ಪ್ರೋಗ್ರಾಮ್ ಅನ್ನು ಅದೇ ತೆಗೆದುಕೊಳ್ಳಬಹುದು. ನನ್ನದರಲ್ಲಿ ಅದೂ ಇರಲಿಲ್ಲ. ಎಸ್‌ಟಿಎಂ32ರಲ್ಲೇ ಇನ್ನೊಂದು ಬಗೆಯಾದ ಎಫ್103 ಚಿಪ್‌ನಲ್ಲಿ ಕಲಿತು ಬಂದವರು ಇನ್ನೂ ಹುಷಾರಾಗಿರಿ. ಅದರಲ್ಲಿ ಲೆವೆಲ್ 2 ಇಲ್ಲ, ಹಾಗಾಗಿ ಲಾಕ್ ಅಂದರೆ ಯಾವಾಗಲೂ ತೆಗೆಯಬಹುದು ಅನ್ನುವ ಅಭ್ಯಾಸ ಆಗಿಬಿಟ್ಟಿರುತ್ತದೆ. ಇಎಸ್‌ಪಿ32 ಅನ್ನುವ ಬೇರೆ ಚಿಪ್‌ನ ಇಫ್ಯೂಸ್ (ಒಂದೇ ಸಲ ಬರೆಯಬಹುದಾದ ಸೆಟ್ಟಿಂಗ್) ಕೂಡ ಸಿಸಿ ಹಾಗೇ, ಒಮ್ಮೆ ಸುಟ್ಟರೆ ವಾಪಸ್ ಬರಲ್ಲ.

ಉಳಿದದ್ದು ಒಂದೇ ದಾರಿ, ಚಿಪ್ ಬದಲಿಸುವುದು. ಹೈದರಾಬಾದ್‌ನಿಂದ ಚಿಪ್ ತರಿಸಿದೆ. 48 ಕಾಲು, ಕಾಲಿನಿಂದ ಕಾಲಿಗೆ ಅರ್ಧ ಮಿಲಿಮೀಟರ್. ತೇವ ತಾಗದಿರಲಿ ಅಂತ ನಾನೇ ಬೋರ್ಡ್ ಮೇಲೆ ವಾರ್ನಿಷ್ ಹೊಡೆದಿದ್ದೆ. ಮೊದಲು ಅದನ್ನು ಬ್ರಷ್‌ನಲ್ಲಿ ಉಜ್ಜಿ ತೆಗೆಯಬೇಕು. ಆಮೇಲೆ ಫ್ಲಕ್ಸ್ ಹಚ್ಚಿ ಹಾಟ್ ಏರ್ ಹಿಡಿದು, ಸೋಲ್ಡರ್ ಮಿರ್ರನೆ ಹೊಳೆದ ಕ್ಷಣಕ್ಕೆ ಚಿಮಟದಲ್ಲಿ ಎತ್ತಬೇಕು. ಒಂದು ಸೆಕೆಂಡ್ ಮುಂಚೆ ಎಳೆದರೆ ಪ್ಯಾಡ್ ಕಿತ್ತು ಬರುತ್ತದೆ. ಎರಡು ಬೋರ್ಡ್ ಹಾಗೇ ಹಾಳಾದವು. ದಿನಕ್ಕೆ ಎರಡು ಬಾಕ್ಸ್‌ಗಿಂತ ಜಾಸ್ತಿ ಆಗುತ್ತಿರಲಿಲ್ಲ. ಇತ್ತ ಭತ್ತ ಹೊಡೆ ಕಟ್ಟುವ ಹೊತ್ತು, ಒಂದು ರಾತ್ರಿ ನೀರು ತಪ್ಪಿದರೂ ರೈತರಿಗೆ ನಿದ್ದೆ ಇಲ್ಲ.

ಹಾಗಾಗಿ ಎಲ್ಲರಿಗೂ ಫೋನ್ ಮಾಡಿ ತಪ್ಪು ನನ್ನದೇ ಅಂತ ಹೇಳಿದೆ. ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ, ಬ್ಯಾಟರಿ ಕನೆಕ್ಟರ್ ಕಿತ್ತು, ಹತ್ತು ಎಣಿಸಿ ಮತ್ತೆ ಹಾಕಿದರೆ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ದಿನ ಮರೆಯದಿರಲಿ ಅಂತ "ಅಮಾಸಿಗೆ ಟ್ರ್ಯಾಕ್ಟರ್‌ಗೆ ಕಾಯಿ ಒಡಿತೀರಲ್ಲ ಕಾಕಾ, ಅವತ್ತೇ ಇದನ್ನೂ ಮಾಡ್ರಿ" ಅಂದೆ. ಯಾರೂ ಬೈಯಲಿಲ್ಲ. ಮೊದಲು ಫೋನ್ ಮಾಡಿದ್ದ ಕಾಕಾ ಮಾತ್ರ "ಮೊದ್ಲ ಹೇಳಿದ್ರ ಆ ರಾತ್ರಿ ನಾನ ಹೋಗಿ ಕುಂದರ್ತಿದ್ನೆಪ್ಪಾ" ಅಂದರು.

29 ಬಾಕ್ಸ್ ಸರಿ ಮಾಡಿದ್ದೇನೆ. ಬ್ಯಾಚ್ ಫೈಲ್‌ನ ಕೊನೆಯ ಸಾಲು ಈಗ ಬಿಬಿ. ಲಾಕ್ ಆದ ಮೇಲೆ ಪ್ರತಿ ಬೋರ್ಡ್‌ಗೂ ಎಸ್‌ಟಿ-ಲಿಂಕ್ ಚುಚ್ಚಿ, ಕನೆಕ್ಟ್ ಆದ ಮೇಲೇ ಮುಚ್ಚಳ ಹಾಕುತ್ತೇನೆ. ಇನ್ನು 7 ಬಾಕ್ಸ್ ಸಿರವಾರ ಕಡೆ ಉಳಿದಿವೆ. ಕೊಯ್ಲಾಗುವವರೆಗೆ ಬಿಚ್ಚಿಕೊಂಡು ಬರಲು ಆಗುವುದಿಲ್ಲ. ಆ ಏಳು ಮನೆಗೆ ಪ್ರತಿ ಅಮಾವಾಸ್ಯೆ ಬೆಳಿಗ್ಗೆ ನಾನೇ ಫೋನ್ ಮಾಡಿ, ಬ್ಯಾಟರಿ ತೆಗೆದು ಹಾಕಿದಿರಾ ಅಂತ ಕೇಳುತ್ತಿದ್ದೇನೆ.